ಕಾಲು ಒತ್ತಿ ಹಿಡಿದ ಸ್ವರ

ಅವಳ ಬಲಗಾಲು ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಊಟಕ್ಕೆ ಕೂತರೆ ಮೇಜಿನ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಬಸ್ಸಿನಲ್ಲಿ ಕೂತರೆ ಪಕ್ಕದವರು ಎದ್ದು ಬೇರೆ ಸೀಟು ನೋಡಿಕೊಳ್ಳುತ್ತಿದ್ದರು. "ಹೊಲಿಗೆ ಮೆಷೀನು ಇಲ್ಲದೇನೇ ಪೆಡಲ್ ತುಳೀತಾಳೆ ನನ್ ಸೊಸೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅದು ದೂರೋ ಹೆಮ್ಮೆಯೋ ಎಂಬುದು ಕೇಳಿದವರಿಗೂ ತಿಳಿಯುತ್ತಿರಲಿಲ್ಲ, ಹೇಳಿದವರಿಗೂ ತಿಳಿದಿತ್ತೋ ಇಲ್ಲವೋ.

ಮನೆಯಲ್ಲಿ ಪೀಡೆಯಾದ ಆ ಕಾಲೇ ರಂಗಮಂದಿರದಲ್ಲಿ ಅನ್ನ ಕೊಡುತ್ತಿತ್ತು. ಅವಳು ಗರಗಸ ನುಡಿಸುವವಳು. ಮರ ಕೊಯ್ಯುವ ಗರಗಸವೇ, ಬೇರೇನಲ್ಲ. ಹಿಡಿಯನ್ನು ತೊಡೆಗಳ ನಡುವೆ ಇರುಕಿಸಿಕೊಂಡು, ಹಲ್ಲುಗಳನ್ನು ತನ್ನ ಕಡೆಗೆ ತಿರುಗಿಸಿ, ತುದಿಯನ್ನು ಎಡಗೈಯಲ್ಲಿ ಬಗ್ಗಿಸಿ, ಬೆನ್ನಿನ ನುಣುಪು ಅಂಚಿಗೆ ಪಿಟೀಲಿನ ಕಮಾನು ಎಳೆದರೆ ಉಕ್ಕು ಹಾಡುತ್ತದೆ. ಹೆಚ್ಚು ಬಗ್ಗಿಸಿದರೆ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಬರೀ ಹಾಡಿದರೆ ಸಾಲದು, ಅದು ನಡುಗಬೇಕು. ನಡುಕ ಬರುವುದು ಕಾಲಿನಿಂದ. ಅವಳಿಗೆ ಕಲಿಸಿದ ಮುದುಕ ಮೊದಲ ದಿನವೇ ಹೇಳಿದ್ದ, "ಕಾಲು ನಡುಗದೇ ಬಂದ ಸ್ವರ ಹೆಣ ಕಣಮ್ಮ. ಹೆಣ ಹೊರೋದಕ್ಕೆ ನಾಲ್ಕು ಜನ ಬೇಕು, ಕೇಳೋದಕ್ಕೆ ಒಬ್ಬನೂ ಬರಲ್ಲ." ಅವಳು ಅದನ್ನು ನಂಬಿದ್ದಳು.

ವೇದಿಕೆಯ ಮುಂದಿನ ತಗ್ಗಿನಲ್ಲಿ ನಾಲ್ಕು ಜನ ವಾದ್ಯದವರು ಕೂರುತ್ತಿದ್ದರು. ಎಡಗಡೆಯ ಮೂಲೆಯ ಕುರ್ಚಿ ಅವಳದು, ಏಳು ವರ್ಷದಿಂದ. ನಾಟಕದ ಉತ್ತರಾರ್ಧದಲ್ಲಿ ಸತ್ತುಹೋದ ತಾಯಿ ಮಗಳನ್ನು ನೋಡಲು ಬಂದು, ಮಾತಿಲ್ಲದೆ ಮನೆಯೆಲ್ಲ ಓಡಾಡಿ, ಮಡಚದೆ ಬಿಟ್ಟ ಬಟ್ಟೆ ಮಡಚಿಟ್ಟು, ಹೊರಟುಹೋಗುತ್ತಾಳೆ. ಒಂಬತ್ತು ನಿಮಿಷ ಗರಗಸವೊಂದೇ. ಜನ ಆ ಒಂಬತ್ತು ನಿಮಿಷಕ್ಕಾಗಿಯೇ ಎರಡನೆಯ ಸಲ ಬರುತ್ತಿದ್ದರು. ಅವಳ ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಅದೇ ಬೇಕಿತ್ತು.

ಮೂರು ತಿಂಗಳ ಹಿಂದೆ ಹೊಸದಾಗಿ ಕೀಬೋರ್ಡಿನವ ಬಂದ. ಒಳ್ಳೆಯವನೇ, ಎಲ್ಲರನ್ನೂ ಅಕ್ಕ ಅಣ್ಣ ಎನ್ನುತ್ತಿದ್ದ. ನಾಟಕ ಕಂಪನಿಯ ಯಜಮಾನರು ಅವಳನ್ನು ಕರೆದು, "ನಾಳೆ ನಿಮಗೆ ಜ್ವರ ಬಂತು ಅಂತಿಟ್ಕೊಳ್ಳಿ. ನಾಟಕ ನಿಲ್ಲಬಾರದಲ್ಲ? ಒಂದೊಂದೇ ಸ್ವರ ಇವನ ಪೆಟ್ಟಿಗೆಗೆ ರೆಕಾರ್ಡ್ ಮಾಡಿ ಕೊಟ್ಟಿರಿ" ಎಂದರು. ಅವಳು ಒಂದು ಇಡೀ ಮಧ್ಯಾಹ್ನ ಕೂತು, ಎರಡು ಕಪ್ ಚಹಾ ಕುಡಿದು, ಇಪ್ಪತ್ಮೂರು ಸ್ವರ ಕೊಟ್ಟಳು. ಇಪ್ಪತ್ನಾಲ್ಕನೆಯದು, ಎಲ್ಲಕ್ಕಿಂತ ಮೇಲಿನದು, ತಾಯಿ ಹೊಸ್ತಿಲು ದಾಟುವಾಗ ಬರುವಂಥದು, ಆವತ್ತು ಬರಲಿಲ್ಲ. ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು, ತುದಿಯನ್ನು ಅಷ್ಟು ಬಗ್ಗಿಸಲು ಆಗಲಿಲ್ಲ. "ಇರ್ಲಿ ಬಿಡಿ ಅಕ್ಕ, ಬೆರಳು ವಾಸಿಯಾಗ್ಲಿ" ಎಂದ ಕೀಬೋರ್ಡಿನವ. ಆಮೇಲೆ ಇಬ್ಬರೂ ಮರೆತರು.

ಮರೆಯದವರು ಯಜಮಾನರು. ನಾಟಕದ ಬಟ್ಟೆ ಹೊಲಿಯುವ ಟೈಲರಮ್ಮ ಒಂದು ಸೋಮವಾರ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಅವಳನ್ನು ಮೇಕಪ್ ಕೋಣೆಯ ಬಾಗಿಲ ಹಿಂದಕ್ಕೆ ಎಳೆದರು.

"ನಿನ್ ಮೂಲೆ ಅಳತೆ ತಗೊಂಡ್ ಬಾ ಅಂದಿದ್ದಾರೆ ಯಜಮಾನ್ರು. ಅಲ್ಲಿ ಸ್ಪೀಕರ್ ಪೆಟ್ಟಿಗೆ ಇಡ್ತಾರಂತೆ, ಅದಕ್ಕೆ ಕಪ್ಪು ಹೊದಿಕೆ ಬೇಕಂತೆ."

"ನನ್ ಕುರ್ಚಿ?"

"ಕುರ್ಚಿಗೆ ಹೊದಿಕೆ ಕೇಳಲಿಲ್ಲ." ಟೈಲರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಕೂತ ಕೊಂಬೆ ಕಡಿಯೋರನ್ನ ಕಂಡಿದ್ದೀನಿ. ಸ್ವಂತ ಗರಗಸ ತಂದು ಕಡ್ಕೊಂಡೋಳು ನೀನೊಬ್ಳೇ."

ಮಾರನೆಯ ದಿನ ಯಜಮಾನರು ಎಲ್ಲರೂ ಚಹಾ ಕುಡಿಯುತ್ತಿದ್ದಾಗಲೇ ಕೇಳಿದರು. "ಆ ಕೊನೇದೊಂದು ಉಳ್ಕೊಂಡಿದೆಯಲ್ಲಮ್ಮ. ನಾಳೆ ಬಂದು ಕೊಟ್ಬಿಡಿ."

ಪಕ್ಕದ ಸ್ವರವನ್ನು ಎಳೆದು ಅಲ್ಲಿಗೆ ಮುಟ್ಟಿಸಲು ಕೀಬೋರ್ಡಿನವ ನೋಡಿದ್ದ, ಅದು ನೆಗಡಿಯಾದ ಹಾಗೆ ಕೇಳುತ್ತಿತ್ತು. ಅಂದರೆ ಆ ಒಂದು ಸ್ವರ ತನ್ನ ಕೈಯಲ್ಲಿರುವವರೆಗೆ ಕುರ್ಚಿಯೂ ತನ್ನದು. ಅವಳಿಗೆ ಅದು ಅಂಗೈ ನೆಲ್ಲಿಯ ಹಾಗೆ ಕಾಣುತ್ತಿತ್ತು.

"ಕೊಡದೇ ಇದ್ರೆ?" ಎಂದಳು. ದನಿ ಎಷ್ಟು ಸಣ್ಣದಾಗಿ ಬಂತೆಂದರೆ ಯಜಮಾನರು ಬಗ್ಗಿ ಕೇಳಬೇಕಾಯಿತು.

"ಕೊಡದೇ ಇದ್ರೆ ಆ ದೃಶ್ಯಾನೇ ತೆಗೀತೀನಿ. ತಾಯಿ ಕನಸಲ್ಲಿ ಬಂದಿದ್ಳು ಅಂತ ಮಗಳು ಒಂದ್ ಮಾತು ಹೇಳಿದ್ರೆ ಆಯ್ತು. ಕಥೆ ಮುಂದೆ ಹೋಗತ್ತೆ."

ಆ ರಾತ್ರಿ ಅವಳು ಮನೆಯ ನೆಲ ಅಳೆದಳು. ಅಡುಗೆಮನೆಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ, ಬಾಗಿಲಿಂದ ಕಿಟಕಿಗೆ ಏಳು. ಗಂಡ ದೂರದ ಬಸ್ಸು ಓಡಿಸುವವನು, ವಾರಕ್ಕೆರಡು ದಿನ ಮನೆ. ಫೋನಿನಲ್ಲಿ, "ನಿಂಗೆ ಹ್ಯಾಗೆ ತೋಚತ್ತೋ ಹಾಗ್ ಮಾಡು" ಎಂದು ಆಕಳಿಸಿದ. ತೋಚುವಂತಿದ್ದರೆ ಅವನನ್ನೇಕೆ ಕೇಳುತ್ತಿದ್ದಳು?

ಬುಧವಾರ ಖಾಲಿ ರಂಗಮಂದಿರದಲ್ಲಿ ಕೀಬೋರ್ಡಿನವ ಮೈಕು ಸರಿಮಾಡಿದ. ಯಜಮಾನರು ಮೂರನೆಯ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದರು. ಅವಳು ಗರಗಸ ಇರುಕಿಸಿ, ಕಮಾನಿಗೆ ರಾಳ ತೀಡಿ, ತುದಿಯನ್ನು ಬಗ್ಗಿಸಿದಳು. ಕಾಲು ತನ್ನಷ್ಟಕ್ಕೆ ಶುರುಮಾಡಿತು. ಆಗ ಹೊಟ್ಟೆಯೊಳಗಿಂದ ಒಂದು ಸಿಟ್ಟು ಬಂತು. ಬೆಂಕಿಯಂಥದಲ್ಲ, ಮಂಜುಗಡ್ಡೆಯಂಥದು. ಹೆಣ ಬೇಕೇ ನಿಮಗೆ? ಹೆಣವನ್ನೇ ತಗೊಳ್ಳಿ.

ಅವಳು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿದಳು. ತೊಡೆಯ ಸ್ನಾಯು ಹಗ್ಗದ ಹಾಗೆ ಬಿಗಿಯಿತು. ಉಸಿರು ಕಟ್ಟಿ, ಒಂದೇ ಒಂದು ಸಲ ಕಮಾನು ಎಳೆದಳು. ಸ್ವರ ನೆಟ್ಟಗೆ ಹೊರಟು, ಅಲುಗದೆ, ರೆಪ್ಪೆ ಮಿಟುಕಿಸದ ಕಣ್ಣಿನ ಹಾಗೆ ನಿಂತು, ಆರಿತು.

"ಭೇಷ್" ಎಂದರು ಯಜಮಾನರು, ಮೊಬೈಲು ನೋಡುತ್ತಲೇ.

ಶುಕ್ರವಾರ ಅವಳಿಗೆ ಒಂದು ಹೂಗುಚ್ಛ ಸಿಕ್ಕಿತು. ಅದು ಬೀಳ್ಕೊಡುಗೆ ಎಂದು ಎಲ್ಲರಿಗೂ ಗೊತ್ತಿತ್ತು.

ಎರಡು ವಾರ ಅವಳು ಮನೆಯಲ್ಲಿದ್ದಳು. ಇದ್ದಳು ಎಂದರೆ ತಪ್ಪಾದೀತು, ಸುತ್ತಿದಳು. ಸಂಜೆ ಏಳು ಇಪ್ಪತ್ತಾದರೆ ಸಾಕು, ಅಲ್ಲಿ ತಾಯಿ ಬಾಗಿಲಿಗೆ ಬಂದಿರುತ್ತಾಳೆ ಎಂದು ಮೈಯೆಲ್ಲ ಕಿವಿಯಾಗುತ್ತಿತ್ತು. ಒಗೆದ ಬಟ್ಟೆಯನ್ನೇ ಒಗೆದಳು. ಕಪಾಟಿನ ಜಾಗ ಮೂರು ಸಲ ಬದಲಿಸಿದಳು, ಕೊನೆಗೆ ಮೊದಲಿದ್ದಲ್ಲಿಗೇ ತಂದಳು. ಟೈಲರಮ್ಮ ಮನೆಗೆ ಬಂದಾಗ ಕೇಳಬಾರದು ಕೇಳಬಾರದು ಎಂದುಕೊಂಡೇ ಕೇಳಿದಳು. "ಜನ ಏನಂತಾರೆ?"

ಟೈಲರಮ್ಮ ಲೋಟ ಕೆಳಗಿಟ್ಟರು. "ನಿನ್ ಹತ್ರ ಸುಳ್ಳು ಹೇಳಲಾ, ನಿಜ ಹೇಳಲಾ?"

"ನಿಜ."

"ಆ ಕೊನೇದು ಬರತ್ತಲ್ಲ, ಆಗ ಕೆಮ್ಮೋರೂ ಕೆಮ್ಮು ನುಂಗ್ತಾರೆ. ನಾನೇ ಸೂಜಿ ಹಿಡ್ಕೊಂಡ್ ನಿಂತ್ಬಿಡ್ತೀನಿ. ಮೊದ್ಲು ಹೀಗಿರ್ಲಿಲ್ಲ ಕಣೆ."

ಟೈಲರಮ್ಮ ಹೋದ ಮೇಲೆ ಅವಳು ಮತ್ತೆ ಸುತ್ತತೊಡಗಿದಳು. ಅತ್ತೆ ಪೇಪರು ಮಡಚಿ ಎದ್ದರು. "ನೆಲ ಸವೆದು ಕೆಳಗಿನ ಮನೆಯೋರ ತಲೆ ಮೇಲೆ ಬೀಳ್ತೀವಿ. ಹೋಗಿ ಕೇಳ್ಕೊಂಡ್ ಬಂದ್ಬಿಡು. ನಡಿ, ನಾನೂ ಬರ್ತೀನಿ."

"ನೀವಾ? ಏಳು ವರ್ಷದಲ್ಲಿ ಒಂದಿನ ಬಂದೋರಲ್ಲ."

"ಏಳು ವರ್ಷ ಮನೇಲೇ ಪುಕ್ಕಟೆ ಕೇಳಿದ್ದೀನಿ, ಬೆಕ್ಕಿಗೆ ಹೊಟ್ಟೆನೋವು ಬಂದ ಹಾಗೆ. ದುಡ್ ಕೊಟ್ಟೋರಿಗೆ ಹ್ಯಾಗ್ ಕೇಳಿಸತ್ತೆ ನೋಡ್ಬೇಡ್ವಾ?"

ಹದಿನಾಲ್ಕನೆಯ ಸಾಲು. ಅವಳು ನಾಟಕವನ್ನು ಮುಂದಿನಿಂದ ನೋಡಿದ್ದು ಅದೇ ಮೊದಲು. ದೀಪ ನೀಲಿಯಾಯಿತು, ತಾಯಿ ಬಂದಳು, ಮೂಲೆಯ ಕಪ್ಪು ಹೊದಿಕೆಯೊಳಗಿಂದ ಗರಗಸ ಹಾಡಿತು. ಅವಳದೇ ಕೈ, ಅವಳದೇ ಕಾಲು, ಮೂರು ತಿಂಗಳ ಹಿಂದಿನ ಮಧ್ಯಾಹ್ನದ್ದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಬದಲು ಮೆಟ್ಟಿಲು ಹತ್ತುತ್ತಿತ್ತು. ಎಲ್ಲವೂ ಒಂದೇ ಅಳತೆಯಲ್ಲಿ ನಡುಗುತ್ತಿದ್ದವು.

ಅತ್ತೆ ಅವಳ ಮೊಣಕೈ ಹಿಂಡಿದರು. "ನೀನಿಲ್ಲಿ ಕೂತಿದ್ದೀಯ. ಅಲ್ಲಿ ನುಡಿಸ್ತಿರೋದು ಯಾರೇ?"

"ನಾನೇ ಅತ್ತೆ."

ಅಷ್ಟರಲ್ಲಿ ತಾಯಿ ಹೊಸ್ತಿಲು ದಾಟಿದಳು, ಇಪ್ಪತ್ನಾಲ್ಕನೆಯ ಸ್ವರ ಬಂತು.

ಅದು ಅಲುಗಲಿಲ್ಲ. ಇಡೀ ಮಂದಿರ ಕಲ್ಲಾಯಿತು. ಹೋಗುವವರು ಹೋಗುತ್ತಾರೆ, ಇನ್ನು ಬರುವುದಿಲ್ಲ ಎಂದು ಯಾರೋ ಅಳದೆ ಹೇಳಿದ ಹಾಗಿತ್ತು. ಅವಳ ತೋಳಿನ ರೋಮ ಎದ್ದು ನಿಂತವು. ಸೇಡಿಗೆಂದು ಕೊಟ್ಟ ಹೆಣ, ಅವಳು ಜನ್ಮದಲ್ಲಿ ನುಡಿಸಿದ ಸ್ವರಗಳಲ್ಲೆಲ್ಲ ದೊಡ್ಡದಾಗಿ ಎದ್ದು ಕೂತಿತ್ತು. ಅದೂ ಬೇರೆಯವರ ಪೆಟ್ಟಿಗೆಯೊಳಗೆ.

ನಾಟಕ ಮುಗಿದ ಮೇಲೆ ಪಕ್ಕದ ಬಾಗಿಲಲ್ಲಿ ಕೀಬೋರ್ಡಿನವ ಸಿಕ್ಕಿದ. ಅವಳನ್ನು ಕಂಡು ತಲೆ ತಗ್ಗಿಸಿದ. "ಆವತ್ತು ನೀವು ಕಾಲು ಒತ್ತಿ ಹಿಡಿದದ್ದು ನಾನು ನೋಡ್ದೆ ಅಕ್ಕ."

"ಮತ್ತೆ ಯಜಮಾನ್ರಿಗೆ ಹೇಳ್ಲಿಲ್ಲ?"

"ಚೆನ್ನಾಗಿತ್ತು. ಅದಕ್ಕೇ ಹೇಳ್ಲಿಲ್ಲ."

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಯೋಚನೆ. ಪೆಟ್ಟಿಗೆಯಲ್ಲಿ ಇಪ್ಪತ್ಮೂರು ನಡುಗುತ್ತವೆ, ಒಂದು ಥಟ್ಟನೆ ನಿಲ್ಲುತ್ತದೆ. ಹಾಗಲ್ಲ. ತಾಯಿ ಬಂದಾಗ ತುಂಬ ನಡುಗಬೇಕು, ಬಟ್ಟೆ ಮಡಚುವಾಗ ಕಡಿಮೆಯಾಗಬೇಕು, ಮಗಳ ಹಾಸಿಗೆಯ ಬಳಿ ಇನ್ನೂ ಕಡಿಮೆ, ಒಂದೊಂದೇ ಎಳೆ ಬಿಡುತ್ತಾ ಬಿಡುತ್ತಾ ಹೊಸ್ತಿಲಲ್ಲಿ ಪೂರ್ತಿ ನಿಲ್ಲಬೇಕು. ಅದು ಗುಂಡಿ ಒತ್ತಿದರೆ ಬರುವುದಿಲ್ಲ. ಕಾಲಿನಿಂದ ಬರಬೇಕು.

ಆದರೆ ಕಾಲು ಕೇಳಬೇಕಲ್ಲ! ಮನೆಗೆ ಬಂದು ಕೂತರೆ ಅದು ತನ್ನ ಪಾಡಿಗೆ ತಾನು ಕುಣಿಯಿತು. ಸಿಟ್ಟಿದ್ದಾಗ ನಿಂತದ್ದು ಆಸೆಗೆ ನಿಲ್ಲಲೊಲ್ಲದು.

"ಅತ್ತೆ, ನನ್ ಪಾದದ ಮೇಲೆ ನಿಮ್ ಪಾದ ಇಡಿ. ನಾನು ಹೇಳಿದಾಗ ಒತ್ತಿ."

"ಇದು ಮಂಡಿನೋವಿನ ಕಾಲು ಕಣೆ, ತೂಕದ ಕಲ್ಲಲ್ಲ."

ಆದರೂ ಇಟ್ಟರು. ಒಂಬತ್ತು ದಿನ ಅತ್ತೆ ಸೊಸೆ ಎದುರುಬದುರು ಕೂತು, ಒಬ್ಬರ ಕಾಲ ಮೇಲೊಬ್ಬರು ಕಾಲಿಟ್ಟುಕೊಂಡು, ಆ ದೃಶ್ಯವನ್ನು ನುಡಿಸಿದರು. ಹತ್ತನೆಯ ದಿನ ಅತ್ತೆ ಕಾಲು ತೆಗೆದರು. ಅವಳು ಗಮನಿಸಲೇ ಇಲ್ಲ.

ಆವತ್ತೇ ಅವಳು ಯಜಮಾನರ ಕೋಣೆಗೆ ಹೋದಳು. "ಒಂದಿನ ನುಡಿಸೋಕೆ ಬಿಡಿ. ಬೇರೆ ಥರ ಇದೆ ಈಗ" ಎಂದಳು.

"ಇದ್ದದ್ದೇ ಚೆನ್ನಾಗಿ ಹೋಗ್ತಿದೆಯಲ್ಲಮ್ಮ" ಎಂದು ಯಜಮಾನರು ನಕ್ಕರು. "ಸ್ವರ ಪೆಟ್ಟಿಗೇಲಿರೋವಾಗ ಮನುಷ್ಯರನ್ನ ಇಟ್ಕೊಂಡು ಏನ್ಮಾಡ್ಲಿ ಹೇಳಿ?"

ಅವಳು ಮನೆಗೆ ಹೋಗಿ ಗರಗಸದ ಚೀಲ ಹೆಗಲಿಗೇರಿಸಿಕೊಂಡು ಬಂದು, ಟಿಕೆಟ್ ಕಿಟಕಿಯ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಸಂಜೆ ಆರು ಗಂಟೆ. ಸಾಲು ರಸ್ತೆಯವರೆಗೆ ಇತ್ತು. ಇಷ್ಟು ಜನ ಅವಳ ಮುಖ ನೋಡಿದ್ದು ಅದೇ ಮೊದಲು. ಕಣ್ಣನ್ನು ಕಮಾನಿನ ಕೂದಲಿಗೆ ನೆಟ್ಟು ಶುರುಮಾಡಿದಳು.

ಬಸ್ಸುಗಳ ಸದ್ದಿನ ನಡುವೆಯೂ ಸಾಲು ತಿರುಗಿತು. ಒಂಬತ್ತು ನಿಮಿಷ ಯಾರೂ ಮುಂದೆ ಸರಿಯಲಿಲ್ಲ. ಕೊನೆಯ ಸ್ವರ ಹಾರ್ನುಗಳ ಮೇಲೆ ನೂಲಿನ ಹಾಗೆ ನಿಂತಿತು.

"ಒಳಗೆ ನುಡಿಸೋದು ಇವರೇನಾ?" ಎಂದು ಮುಂದಿದ್ದ ಹೆಂಗಸು ಕಿಟಕಿಯೊಳಗೆ ಕೇಳಿದಳು. ಟಿಕೆಟ್ಟಿನವನು ಹೊರಗೆ ಓಡಿಬಂದ ಯಜಮಾನರ ಮುಖ ನೋಡಿದ.

"ಇವರೇ, ಇವರೇ" ಎಂದರು ಯಜಮಾನರು. "ಟಿಕೆಟ್ ತಗೊಳ್ಳಿ, ಬೆಲ್ ಆಗತ್ತೆ."

"ಅಲ್ಲ" ಎಂದಳು ಅವಳು. ಈ ಸಲ ಯಾರೂ ಬಗ್ಗಿ ಕೇಳಬೇಕಾಗಲಿಲ್ಲ. "ಒಳಗಿರೋದು ಪೆಟ್ಟಿಗೆ. ನಾನಿಲ್ಲಿದ್ದೀನಿ."

"ಹಂಗಾದ್ರೆ ನಾವೂ ಇಲ್ಲೇ ಕೂರ್ತೀವಿ ಬಿಡಿ" ಎಂದಿತು ಸಾಲಿನ ನಡುವಿನಿಂದ ಒಂದು ದನಿ. ನಗು ಎದ್ದಿತು. ಒಬ್ಬ ಮುದುಕ ನಿಜವಾಗಿಯೂ ಮೆಟ್ಟಿಲ ಮೇಲೆ ಪೇಪರು ಹಾಸಿ ಕೂತೇಬಿಟ್ಟ. ಮೊದಲ ಬೆಲ್ಲು ಹೊಡೆಯಿತು. ಸಾಲು ಅಲುಗಲಿಲ್ಲ.

ಯಜಮಾನರು ಅವಳ ಕಿವಿಯ ಬಳಿ ಬಗ್ಗಿದರು. "ಇವತ್ತೊಂದು ದಿನ. ಕುರ್ಚಿ ಇಲ್ಲ. ತಗ್ಗಿಗೆ ಇಳಿಯೋ ಮೆಟ್ಟಿಲ ಮೇಲೆ ಕೂತ್ಕೊಳ್ಳಿ."

ಏಳು ಇಪ್ಪತ್ತಕ್ಕೆ ದೀಪ ನೀಲಿಯಾಯಿತು. ಕೀಬೋರ್ಡಿನವ ಎರಡೂ ಕೈ ಎತ್ತಿ ಖಾಲಿ ಅಂಗೈ ತೋರಿಸಿದ. ಅವಳು ಶುರುಮಾಡಿದಳು. ತಾಯಿ ಬಂದಳು, ಬಟ್ಟೆ ಮಡಚಿದಳು, ಹಾಸಿಗೆಯ ಬಳಿ ನಿಂತಳು. ಮೂರು ವಾರಕ್ಕೂ ಮಿಕ್ಕಿ ಪೆಟ್ಟಿಗೆಯ ವೇಗಕ್ಕೆ ಓಡುತ್ತಿದ್ದ ಆ ನಟಿ ಇವತ್ತು ನಿಂತಲ್ಲೇ ಒಂದು ಗಳಿಗೆ ಹೆಚ್ಚಿಗೆ ನಿಂತಳು. ಗರಗಸ ಅವಳಿಗಾಗಿ ಕಾದಿತು. ಹೊಸ್ತಿಲು ಬಂತು. ಹಿಮ್ಮಡಿ ನೆಲ ಕಚ್ಚಿತು, ಸ್ವರ ನೆಟ್ಟಗೆ ನಿಂತಿತು, ಆರುವ ಮುನ್ನ ಒಂದೇ ಒಂದು ಸಲ ನಡುಗಿತು.

ಪರದೆ ಬಿದ್ದ ಮೇಲೆ ಚಪ್ಪಾಳೆಯ ಗಲಾಟೆಯಲ್ಲಿ ಕೀಬೋರ್ಡಿನವ ಬಗ್ಗಿ ಪಿಸುಗುಟ್ಟಿದ. "ಕೊನೇಲಿ ಅಲ್ಲಾಡ್ತು ಅಕ್ಕ."

"ಗೊತ್ತು. ನಾಳೆ ಅಲ್ಲಾಡಲ್ಲ."

"ನಾಳೆನಾ? ಇವತ್ತೊಂದು ದಿನ ಅಂದ್ರಲ್ಲ ಯಜಮಾನ್ರು."

ಅವಳು ಗರಗಸದ ಬೆನ್ನಿಗೆ ಅಂಟಿದ ರಾಳದ ಪುಡಿಯನ್ನು ಬಟ್ಟೆಯಿಂದ ಒರೆಸಿದಳು. ಕಾಲು ಮತ್ತೆ ತನ್ನ ಕೆಲಸ ಶುರುಮಾಡಿತ್ತು.

"ನಾಳೆನೂ ಮೆಟ್ಟಿಲ ಮೇಲೇ ಇರ್ತೀನಿ" ಎಂದಳು. "ಒಳಗಿನ ಮೆಟ್ಟಿಲೋ ಹೊರಗಿನದೋ, ಅವರೇ ನೋಡ್ಕೊಳ್ಳಲಿ."