ಏನೂ ಇಲ್ಲದ್ದಕ್ಕೊಂದು ಖಾನೆ

ಗಂಟೆ ಬಾರಿಸಿತು. ಬಾರಿಸಿದ ಮರುಕ್ಷಣವೇ ಮೇಜಿನ ಮೇಲಿದ್ದ ಮಾದರಿ ತೊಟ್ಟಿಯೊಳಗಿನ ಸುರುಳಿ ಅಲಗುಗಳು ತಿರುಗತೊಡಗಿದವು.

"ನೋಡಿದ್ರಾ ಚುರುಕು!" ಎಂದು ಲಮ್ಜೆದ್ ಚಪ್ಪಾಳೆ ತಟ್ಟಿದ. ಮೇಜಿನ ಸುತ್ತ ನಿಂತಿದ್ದ ಹದಿನಾಲ್ಕು ಜನರೂ ತಟ್ಟಿದರು. ಶಾದ್ಲಿ ಮಾತ್ರ ಕೈ ಕಟ್ಟಿಕೊಂಡೇ ನಿಂತಿದ್ದ.

"ಗಂಟೆ ಆದ್ಮೇಲೆ ಇಪ್ಪತ್ತು ಸೆಕೆಂಡ್ ಕಾಯ್ಬೇಕಿತ್ತಲ್ಲ?" ಎಂದ.

"ಪರೀಕ್ಷೆಗೆ ಅಂತ ಕಾಯೋ ಸಮಯ ಕಡಿಮೆ ಇಟ್ಟಿದೀವಿ. ಅಲ್ವಾ ವಿದೇದ್?"

ಪರೀಕ್ಷೆಯ ಸಂಖ್ಯೆಗಳನ್ನು ತುಂಬಿದ್ದ ವಿದೇದ್ ಒಂದು ಕ್ಷಣ ತಡೆದು ತಲೆಯಾಡಿಸಿದಳು. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಆ ಹುಡುಗಿಗೆ ಅಕ್ಷರಾಭ್ಯಾಸ ಮಾಡಿಸಿದಂತೆ ಎಲ್ಲವನ್ನೂ ಕಲಿಸಿದವನು ಶಾದ್ಲಿಯೇ. ಈಗ ಅವಳು ಅವನ ಮುಖ ನೋಡಲಿಲ್ಲ.

ಸ್ಫಾಕ್ಸ್ ನಗರದ ಸುತ್ತಮುತ್ತಲಿನ ಆಲಿವ್ ಗಾಣಗಳಿಗೆ ಯಂತ್ರ ನಡೆಸುವ ಬೋರ್ಡುಗಳನ್ನು ಮಾಡಿಕೊಡುವ ಸಣ್ಣ ಕಂಪನಿ ಅದು. ಅರೆದ ಆಲಿವನ್ನು ಕಲಸುವ ತೊಟ್ಟಿ ಎಷ್ಟು ವೇಗದಲ್ಲಿ ತಿರುಗಬೇಕು, ಯಾವಾಗ ನಿಲ್ಲಬೇಕು ಎನ್ನುವುದನ್ನೆಲ್ಲ ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬನೇ ಕೂತು ಪ್ರೋಗ್ರಾಮಾಗಿ ಬರೆದವನು ಶಾದ್ಲಿ. ಈ ವರ್ಷ ಬಂದ ಲಮ್ಜೆದ್ ಅವನಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನು, ಅವನ ಮೇಲಧಿಕಾರಿ. ಅಲಗು ತಿರುಗಿಸುವ ಭಾಗವನ್ನು ಹೊಸದಾಗಿ ಬರೆಸಿ, ಬರೆದದ್ದನ್ನು ಯಂತ್ರಭಾಷೆಗೆ ಇಳಿಸುವ ಹೊಸ ಕಂಪೈಲರ್‌ಗೆ ಕೊಟ್ಟಿದ್ದ. ಉಳಿದದ್ದನ್ನು ಹಳೆಯ ಕಂಪೈಲರ್ ಇಳಿಸಿದ ಹಾಗೆಯೇ ಇಟ್ಟುಕೊಂಡಿದ್ದ.

"ಮುಚ್ಚಳ ತೆಗೆದು, ಆಗ ತಿರುಗದೆ ನಿಲ್ಲುತ್ತಾ ಅಂತ ಒಂದ್ಸಲ ನೋಡೋಣ," ಎಂದ ಶಾದ್ಲಿ.

"ಮುಚ್ಚಳದ ಲೆಕ್ಕ ನಿಮ್ಮ ಹಳೇ ಭಾಗದಲ್ಲೇ ಇದೆ, ನಾವು ಮುಟ್ಟೇ ಇಲ್ಲ. ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ ಸೀ ಶಾದ್ಲಿ?" ಹಿರಿಯರಿಗೆ ಮರ್ಯಾದೆಗೆ ಹೇಳುವ ಆ 'ಸೀ'ಯನ್ನು ಬೇಕೆಂದೇ ಎಳೆದು, ಲಮ್ಜೆದ್ ಉಳಿದವರ ಕಡೆ ತಿರುಗಿದ. "ತಿರುಗಿಸೋ ಫಂಕ್ಷನ್‌ನಲ್ಲಿ ಇವರು ಮೊದಲ್ನೇ ಜಾಗದಲ್ಲಿ ಒಂದು ಖಾಲಿ ಸ್ಟ್ರಕ್ಚರ್ ಇಟ್ಟಿದಾರೆ, ಗೊತ್ತಾ? ಮುಂದೆ ಬೇಕಾದೀತು ಅಂತ. ಇಪ್ಪತ್ತೆರಡು ವರ್ಷ ಆಯ್ತು, ಅದರೊಳಗೆ ಒಂದಕ್ಷರ ಬಿದ್ದಿಲ್ಲ. ನಾನೂ ಇರ್ಲಿ ಬಿಡು ಅಂದೆ. ಕೆಲವರು ಹಾಗೇ ಅಲ್ವಾ? ಒಳಗೇನೂ ಇರಲ್ಲ, ಕೂರೋಕೆ ಜಾಗ ಮಾತ್ರ ಬೇಕು!"

ನಗು ಎದ್ದಿತು. ವಿದೇದ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಶಾದ್ಲಿಯೂ ನಗಬೇಕಾಯಿತು.

ಎಲ್ಲರೂ ಊಟಕ್ಕೆ ಹೋದಾಗ ಅವನು ತನ್ನ ಮೇಜಿಗೆ ಬಂದು, ಕಂಪೈಲರ್‌ಗಳು ಹೊರಗೆ ಹಾಕಿದ ಯಂತ್ರಭಾಷೆಯ ಪಟ್ಟಿಗಳನ್ನು ತೆಗೆದ. ಪ್ರೋಗ್ರಾಮಿನ ಒಂದು ಭಾಗ, ಅಂದರೆ ಒಂದು ಫಂಕ್ಷನ್, ಇನ್ನೊಂದಕ್ಕೆ ಹೇಳಿಕಳಿಸುವುದನ್ನೆಲ್ಲ ಕಂಪೈಲರ್ ಸಾಲಾಗಿ ಖಾನೆಗಳಲ್ಲಿ ಇಟ್ಟುಕೊಡುತ್ತದೆ. ಇಟ್ಟವನು ಇಟ್ಟ ಕ್ರಮದಲ್ಲೇ ಎತ್ತಿಕೊಳ್ಳುವವನೂ ಎತ್ತಿಕೊಳ್ಳಬೇಕು. ಆದರೆ ಖಾಲಿ ಸ್ಟ್ರಕ್ಚರ್ ಬಂದಾಗ ಏನು ಮಾಡಬೇಕೆನ್ನುವುದರಲ್ಲಿ ಎಲ್ಲ ಕಂಪೈಲರ್‌ಗಳಿಗೂ ಒಮ್ಮತವಿಲ್ಲ. ಹಳೆಯದು, ಏನೂ ಇಲ್ಲದ್ದಕ್ಕೆ ಖಾನೆ ಯಾಕೆ ಎಂದು ಅದನ್ನು ಬಿಟ್ಟೇ ಮುಂದೆ ಹೋಗುತ್ತಿತ್ತು. ಹೊಸದು ಹಾಗಲ್ಲ, ಏನೂ ಇಲ್ಲದಿದ್ದರೂ ಅದಕ್ಕೊಂದು ಜಾಗ ಇರಲೇಬೇಕೆಂದು ಮೊದಲ ಖಾನೆಯನ್ನು ಅದಕ್ಕೇ ಮೀಸಲಿಡುತ್ತಿತ್ತು.

ಶಾದ್ಲಿ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಹಳೆಯ ಭಾಗ ಮೊದಲ ಖಾನೆಯಲ್ಲಿ ವೇಗ, ಎರಡನೆಯದರಲ್ಲಿ ಕಾಯುವ ಸಮಯ, ಮೂರನೆಯದರಲ್ಲಿ ಮುಚ್ಚಳದ ಸ್ಥಿತಿ ಇಟ್ಟು ಕಳಿಸುತ್ತಿದೆ. ಹೊಸ ಭಾಗ ಮೊದಲನೆಯದನ್ನು ಖಾಲಿ ಎಂದು ಬಿಟ್ಟು ಎರಡರಿಂದ ಎತ್ತಿಕೊಳ್ಳುತ್ತಿದೆ. ವೇಗ ಎಂದುಕೊಂಡು ಅದು ಓದುವುದು ಕಾಯುವ ಸಮಯವನ್ನು. ವೇಗ ಹದಿನೆಂಟು, ಸಮಯ ಇಪ್ಪತ್ತು. ಹತ್ತಿರ ಹತ್ತಿರದ ಸಂಖ್ಯೆಗಳಾದ್ದರಿಂದ ಯಾರಿಗೂ ಗೊತ್ತಾಗಿಲ್ಲ. ಕಾಯುವ ಸಮಯ ಎಂದುಕೊಂಡು ಓದುವುದು ಮುಚ್ಚಳದ ಸ್ಥಿತಿಯನ್ನು. ಮುಚ್ಚಿದ್ದರೆ ಒಂದು, ಅದಕ್ಕೇ ಒಂದು ಸೆಕೆಂಡು. ತೆರೆದಿದ್ದರೆ ಸೊನ್ನೆ. ಇನ್ನು ಮುಚ್ಚಳದ ಸ್ಥಿತಿಗೆಂದು ಅದು ನೋಡುವ ನಾಲ್ಕನೆಯ ಖಾನೆಯಲ್ಲಿ ಯಾರೂ ಏನೂ ಇಟ್ಟಿಲ್ಲ. ಹಿಂದಿನ ಯಾವುದೋ ಲೆಕ್ಕದ ಉಳಿಕೆ ಅಲ್ಲಿ ಬಿದ್ದಿರುತ್ತದೆ. ಸೊನ್ನೆಯಲ್ಲದ ಏನಿದ್ದರೂ ಯಂತ್ರಕ್ಕೆ ಅದು ಮುಚ್ಚಿದ ಮುಚ್ಚಳವೇ.

ಅವನ ಬೆರಳು ಆ ಸಾಲಿನ ಮೇಲೆ ನಿಂತಿತು. ಎದ್ದು ಹೋಗಿ ಹೇಳಬೇಕೆಂದು ಕುರ್ಚಿ ಹಿಂದೆ ಸರಿಸಿದ. ಅಷ್ಟರಲ್ಲಿ ಊಟದ ಕೋಣೆಯಿಂದ ಲಮ್ಜೆದ್‌ನ ದನಿಯೂ, ಅದರ ಹಿಂದೆಯೇ ಎಲ್ಲರ ನಗುವೂ ಕೇಳಿಸಿತು. ಯಾವ ಮಾತಿಗೆ ನಕ್ಕರೋ ಗೊತ್ತಿಲ್ಲ. ಶಾದ್ಲಿ ಕುರ್ಚಿಯನ್ನು ಮತ್ತೆ ಮುಂದಕ್ಕೆಳೆದುಕೊಂಡ.

ಕಂಪನಿಯ ಮಾಲೀಕರ ಎದುರೇ ಯಂತ್ರ ಎಡವಲಿ ಎಂದುಕೊಂಡ. ನಾಳೆ ಒಂದು ಗಾಣದಲ್ಲಿ ಕೂರಿಸುತ್ತಾರೆ, ಹೊತ್ತಲ್ಲದ ಹೊತ್ತಿಗೆ ತಿರುಗುತ್ತದೆ, ಲಮ್ಜೆದ್‌ನ ಮರ್ಯಾದೆ ಹೋಗುತ್ತದೆ, ಅಷ್ಟೆ. ಹೇಗೂ ಪ್ರತಿ ತೊಟ್ಟಿಗೂ ಮುಚ್ಚಳ ತೆಗೆದರೆ ಕರೆಂಟು ಕಡಿಯುವ ಕಬ್ಬಿಣದ ಸ್ವಿಚ್ಚೊಂದು ಬೇರೆಯೇ ಇರುತ್ತದೆ. ಆ ಗಾಣದವರು ಕೆಲಸಕ್ಕೆ ಅಡ್ಡಿಯೆಂದು ಸ್ವಿಚ್ಚು ಆರದಂತೆ ತಂತಿ ಬಿಗಿದಿದ್ದನ್ನು ಹೋದ ವರ್ಷ ಅವನೇ ಕಣ್ಣಾರೆ ನೋಡಿದ್ದ. ಅದು ಅವನಿಗೆ ಶುಕ್ರವಾರದವರೆಗೂ ನೆನಪಾಗಲಿಲ್ಲ. ಅಥವಾ ನೆನಪಾಗಲು ಅವನು ಬಿಡಲಿಲ್ಲ.

ಗುರುವಾರ ಬೋರ್ಡು ಕೂರಿಸಿ ಬಂದರು. ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಮಬ್ರೂಕಾ ಎಂಬ ಹೆಂಗಸು, ಹದಿನೇಳು ವರ್ಷದಿಂದ ಮಾಡುತ್ತಿದ್ದ ಹಾಗೆಯೇ, ಮುಚ್ಚಳ ತೆಗೆದು ತೊಟ್ಟಿಯ ಗೋಡೆಗೆ ಮೆತ್ತಿಕೊಂಡದ್ದನ್ನು ಕೆರೆಯುತ್ತಿದ್ದಳು. ನಲವತ್ತು ನಿಮಿಷಕ್ಕೊಮ್ಮೆ ತಾನಾಗಿ ತಿರುಗುವ ಯಂತ್ರ ಅದು. ಮುಚ್ಚಳ ತೆರೆದಿದ್ದರೆ ತನ್ನ ಸರದಿ ಬಿಟ್ಟು ಸುಮ್ಮನಿರುತ್ತಿತ್ತು. ಅವತ್ತು ಸುಮ್ಮನಿರಲಿಲ್ಲ. ಗಂಟೆಯೂ ಅಲಗೂ ಒಟ್ಟಿಗೇ ಎದ್ದವು. ಗಾಣದಾಳುಗಳು ಓಡಿಬಂದು ಕರೆಂಟು ತೆಗೆಯುವಷ್ಟರಲ್ಲಿ ಅವಳ ಬಲಗೈ ಮೊಣಕೈಯವರೆಗೂ ಹೋಗಿತ್ತು.

ಶನಿವಾರದ ಸಭೆಗೆ ಮಾಲೀಕರು ಬಂದರು. ಹೆಂಗಸು ಮುಚ್ಚಳ ತೆಗೆದು ಕೈ ಹಾಕಿದ್ದೇ ತಪ್ಪೆಂದು ಗಾಣದವರು ಹೇಳುತ್ತಿದ್ದಾರೆ ಎಂದು ಲಮ್ಜೆದ್ ಶುರುಮಾಡಿದ.

"ನಾನೊಂದ್ಸಲ ನೋಡ್ಲಾ?" ಎಂದ ಶಾದ್ಲಿ.

ಹತ್ತು ನಿಮಿಷ ಹಿಡಿಯಿತು. ಪಟ್ಟಿಯನ್ನು ಗೋಡೆಯ ಪರದೆಗೆ ಹಾಕಿ, ಲಮ್ಜೆದ್‌ನನ್ನೇ ಎದ್ದು ನಿಲ್ಲಿಸಿದ.

"ಓದಪ್ಪಾ. ಮೊದಲ್ನೇ ಖಾನೇಲಿ ಏನಿದೆ?"

"ಖಾಲಿ ಸ್ಟ್ರಕ್ಚರ್..."

"ಜೋರಾಗಿ. ಹಿಂದೆ ಕೂತೋರಿಗೆ ಕೇಳಿಸ್ತಿಲ್ಲ."

"ಖಾಲಿ ಸ್ಟ್ರಕ್ಚರ್."

"ಇಟ್ಟೋರು ಅಲ್ಲಿ ಏನಿಟ್ಟಿದಾರೆ?"

"ವೇಗ."

"ನಾಲ್ಕನೇದ್ರಲ್ಲಿ?"

ಲಮ್ಜೆದ್ ಓದಿದ. ಓದುತ್ತಾ ಓದುತ್ತಾ ಅವನಿಗೇ ಅರ್ಥವಾಯಿತು. ಶಾದ್ಲಿ ಬಿಡಲಿಲ್ಲ; ಕೊನೆಯ ಸಾಲಿನವರೆಗೂ ಓದಿಸಿದ, ತಪ್ಪಿದ ಕಡೆ ಮತ್ತೆ ಓದಿಸಿದ. "ಮುಚ್ಚಳ ತೆಗೆದು ನೋಡೋಣ ಅಂದೆ ಯಜಮಾನ್ರೇ. ಎಲ್ರೂ ಇದ್ರು. ಎಲ್ರೂ ನಕ್ಕರು," ಎಂದು ಮಾಲೀಕರಿಗೆ ಮೆಲ್ಲಗೆ ಹೇಳಿದ. ಯಾರೂ ತಲೆ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲಮ್ಜೆದ್ ತನ್ನ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡು ಮೆಟ್ಟಿಲಿಳಿದ. ಅವನ ಕೋಣೆ ಶಾದ್ಲಿಗೆ ಬಂತು.

ಸೋಮವಾರ ವಿದೇದ್ ಆ ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಬಂದಳು. ನಿಂತೇ ಇದ್ದಳು.

"ಬುಧವಾರ ಊಟದ ಹೊತ್ತಲ್ಲಿ ನೀವು ಆ ಪಟ್ಟಿ ತೆಗ್ದಿದೀರಿ. ಐವತ್ತು ನಿಮಿಷ ನೋಡಿದೀರಿ. ಸರ್ವರ್‌ನಲ್ಲಿ ದಾಖಲಾಗಿದೆ ಸೀ ಶಾದ್ಲಿ."

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ನೀವೇ ಏನಾದ್ರೂ ಹೇಳ್ತೀರ ಅಂತ ಬಂದೆ. ನೋಡಿದ್ರೂ ಗೊತ್ತಾಗ್ಲಿಲ್ಲ ಅನ್ನಿ. ನಾನು ನಂಬ್ತೀನಿ."

ಅವಳ ಕಣ್ಣು ತುಂಬಿತ್ತು. ಶಾದ್ಲಿ ಕಾಫಿ ಲೋಟ ಕೆಳಗಿಟ್ಟ.

"ಕಾಯೋ ಸಮಯ ನೀನು ಕಡಿಮೆ ಇಟ್ಟಿದ್ಯಾ?"

"...ಇಲ್ಲ."

"ಮತ್ತೆ ಅವನು ಕೇಳಿದಾಗ ತಲೆ ಯಾಕೆ ಆಡಿಸ್ದೆ?"

"ಅಷ್ಟು ಜನರ ಮುಂದೆ... ಇಲ್ಲ ಅನ್ನೋಕೆ ಧೈರ್ಯ ಆಗ್ಲಿಲ್ಲ."

"ನಾನು ನೋಡ್ದೆ ಅಂತ ಒಂದು ಸರ್ವರ್ ಹೇಳುತ್ತೆ. ನೀನು ತಲೆ ಆಡಿಸ್ದೆ ಅಂತ ಹದಿನಾಲ್ಕು ಜನ ಹೇಳ್ತಾರೆ. ನೀನು ಇಲ್ಲ ಅಂದಿದ್ರೆ ಆ ಬೋರ್ಡು ಇಲ್ಲಿಂದ ಹೊರಗೇ ಹೋಗ್ತಿರ್ಲಿಲ್ಲ. ಆ ಹೆಂಗಸಿನ ಕೈ ಹಿಡಿದು ತೊಟ್ಟಿಗೆ ಹಾಕ್ದೋಳು ನೀನೇ ಮಗಳೇ."

ವಿದೇದ್ ಗೋಡೆಗೆ ಒರಗಿದಳು. ಇಷ್ಟು ಸುಲಭವಾಗಿ ಮುರಿಯುತ್ತಾಳೆಂದು ಅವನೂ ಅಂದುಕೊಂಡಿರಲಿಲ್ಲ. ಎದ್ದು ಹೋಗಿ, ತನ್ನ ಕುರ್ಚಿಯನ್ನೇ ಅವಳಿಗೆ ತಿರುಗಿಸಿಕೊಟ್ಟ.

"ಕೂತ್ಕೋ. ಆ ದಾಖಲೆ ತೆಗೆಯೋದು ಹೇಗೆ ಅಂತ ನಿಂಗೆ ಗೊತ್ತು. ನಾನೇ ಕಲ್ಸಿದ್ದು."

ಅವಳು ಕೂತಳು. ಅವನು ಹಿಂದೆ ನಿಂತು ನೋಡುತ್ತಿದ್ದ. ಕೆಲಸ ಮುಗಿದ ಮೇಲೆ, "ಒಳ್ಳೇ ಹುಡುಗಿ," ಎಂದು ಅವಳ ಹೆಗಲು ತಟ್ಟಿದ. ಮುಟ್ಟಿದ ಕಡೆ ಅವಳ ಮೈ ಕುಗ್ಗಿತು.

ಮುಂದಿನ ವಾರ ಮಾಲೀಕರು, ಕಂಪನಿಯ ಪರವಾಗಿ ಮಬ್ರೂಕಾಳನ್ನು ನೋಡಿಕೊಂಡು ಬಾ ಎಂದು ಶಾದ್ಲಿಯ ಕೈಗೆ ಬಾದಾಮಿ ಮಿಠಾಯಿಯ ಡಬ್ಬಿ ಕೊಟ್ಟರು. ಬೇರೆ ಯಾರನ್ನಾದರೂ ಕಳಿಸಿ ಎಂದರೆ ಕೇಳಲಿಲ್ಲ. "ಅವಳೇ ನಿನ್ನ ನೋಡ್ಬೇಕು ಅಂದಿದಾಳಪ್ಪಾ," ಎಂದರು.

ಗಾಣದ ಹಿಂದಿನ ಸಾಲಿನಲ್ಲಿ ಸುಣ್ಣ ಬಳಿದ ಎರಡು ಕೋಣೆಯ ಮನೆ. ಮಬ್ರೂಕಾ ಚಾಪೆಯ ಮೇಲೆ ಕೂತಿದ್ದವಳು ಅವನನ್ನು ಕಂಡು ಏಳಲು ಹೋಗಿ, ಇಲ್ಲದ ಬಲಗೈಯನ್ನು ನೆಲಕ್ಕೆ ಊರಿ, ವಾಲಿ ಮತ್ತೆ ಕೂತಳು. ತಾನೇ ನಾಚಿಕೊಂಡು ನಕ್ಕಳು.

"ಇನ್ನೂ ಇದೆ ಅಂತ್ಲೇ ಅನ್ಸುತ್ತೆ ಕಣಣ್ಣಾ. ಬೆರಳು ತುರಿಸುತ್ತೆ. ಕೆರೆಯೋಕೆ ಹೋದ್ರೆ ಬೆರಳೇ ಇಲ್ಲ."

ಶಾದ್ಲಿ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಕೂತ.

"ಎಲ್ರೂ ನನ್ನೇ ಬೈದ್ರು," ಎಂದಳು ಅವಳು. "ನಿಗಾ ಇಲ್ದೆ ಕೈ ಹಾಕಿದಾಳೆ ಅಂದ್ರು. ಆಸ್ಪತ್ರೇಲಿ ಬಿದ್ಕೊಂಡಿದ್ದಾಗ ನಂಗೂ ಹಾಗೇ ಅನ್ಸೋಕೆ ಶುರುವಾಗಿತ್ತು. ಇಲ್ಲ, ಯಂತ್ರದ್ದೇ ತಪ್ಪು ಅಂತ ನೀವು ದೊಡ್ಡೋರ ಮುಂದೆ ತೋರಿಸ್ಕೊಟ್ರಂತೆ. ನನ್ನ ಮಾನ ಉಳಿಸಿದ್ರಿ ಅಣ್ಣಾ. ದೇವರು ನಿಮ್ಮ ಕೈ ಚೆನ್ನಾಗಿಟ್ಟಿರ್ಲಿ."

ಅವಳು ಕೆಂಡದ ಒಲೆಯ ಕಡೆ ತಿರುಗಿದಳು. ಚಹಾದ ಕೆಟಲನ್ನು ಎಡಗೈಯಲ್ಲಿ ಎತ್ತಿದಳು. ಅದು ನಡುಗಿ ಅರ್ಧ ಚಹಾ ತಟ್ಟೆಗೆ ಚೆಲ್ಲಿತು. ಅವನು ಸಹಾಯಕ್ಕೆ ಬಾಗಿದಾಗ, "ಬೇಡ ಬೇಡ, ಅಭ್ಯಾಸ ಮಾಡ್ಕೋಬೇಕಲ್ಲ," ಎಂದು ತಡೆದಳು. ಪುಟ್ಟ ಲೋಟ ತುಂಬುವವರೆಗೂ ತುಟಿ ಕಚ್ಚಿಕೊಂಡು ಹುಯ್ದಳು. ಆಮೇಲೆ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ಎಡಗೈಲಿ ಕೊಡ್ತಿದೀನಿ," ಎಂದಳು. "ಬೇಜಾರು ಮಾಡ್ಕೋಬೇಡಿ."

ಶಾದ್ಲಿ ಎರಡೂ ಕೈ ಮುಂದೆ ಮಾಡಿ ಲೋಟ ತೆಗೆದುಕೊಂಡ. ಬಿಸಿ ಅಂಗೈ ಸುಡುತ್ತಿತ್ತು. ಅವನು ಕುಡಿಯುವುದನ್ನೇ ನೋಡುತ್ತಾ ಅವಳು ಎದುರಿಗೆ ಕೂತಿದ್ದಳು.