ಕಿವಿಯಮ್ಮನ ಸವಾರಿ

ಹೀಗೊಂದು ಊರಿತ್ತಂತೆ. ಊರಿಗೊಂದು ಗುಡ್ಡ, ಗುಡ್ಡಕ್ಕೊಂದು ರಸ್ತೆ, ರಸ್ತೆಗೊಂದು ತಿರುವು, ಆ ತಿರುವಿಗೆ ಹೆದರಿ ಕೂತ ಒಬ್ಬ ಡ್ರೈವರ್. ಕತೆ ಅಂದಮೇಲೆ ರಾಜಕುಮಾರಿ ಬೇಡವೇ ಅನ್ನುವವರಿಗೆ ಅವಳೂ ಇದ್ದಳು. ಎಪ್ಪತ್ತು ದಾಟಿದ್ದಳು, ಮಂಡಿನೋವಿತ್ತು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡಿದ್ದಳು. ನೊಂದವರ ಮಾತು ಕೇಳುವುದೇ ಅವಳ ಕಸುಬು. ಓದಿದವರು ಆಪ್ತಸಲಹೆಗಾರ್ತಿ ಅನ್ನುತ್ತಿದ್ದರು. ಬೀದಿಯವರಿಗೆ ಅವಳು ಕಿವಿಯಮ್ಮ.

ಆ ಕಿವಿಯಮ್ಮ ಈಗ ಶವಪೆಟ್ಟಿಗೆಯೊಳಗೆ ಮಲಗಿ ತನ್ನದೇ ಮನೆಯ ಮಾಳಿಗೆ ಮೆಟ್ಟಿಲಲ್ಲಿ ಸಿಕ್ಕಿಕೊಂಡಿದ್ದಳು.

“ಎಡಕ್ಕೆ! ಎಡಕ್ಕೆ ಎತ್ರಿ!”

“ಯಾರ ಎಡ ಸ್ವಾಮಿ? ನಿಮ್ಮದಾ, ನನ್ನದಾ?”

“ಇಬ್ಬರದೂ ಬೇಡ, ಅಮ್ಮನ ಎಡ!” ಎಂದು ಮೇಲಿನಿಂದ ಮಗಳು ಕೂಗಿದಳು. ಬೆಳಗಿನಿಂದ ಅತ್ತು ಅತ್ತು ಮೂಗು ಕೆಂಪಾಗಿದ್ದವಳು ತನ್ನ ಮಾತಿಗೆ ತಾನೇ ಕಿಸಕ್ಕನೆ ನಕ್ಕುಬಿಟ್ಟಳು.

ಪೆಟ್ಟಿಗೆಯ ಕೆಳಮೂಲೆ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದವನೇ ಡ್ರೈವರ್. ಅಂತೂ ಇಂತೂ ಕಿವಿಯಮ್ಮನನ್ನು ನಡುಮನೆಗೆ ತಂದು ಎರಡು ಸ್ಟೂಲುಗಳ ಮೇಲೆ ಇಳಿಸಿದಾಗ ಬಾಗಿಲಾಚೆ ಬೀದಿಯ ತುದಿಯವರೆಗೂ ಜನ ನಿಂತಿದ್ದರು.

ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತವರು ದೊಡ್ಡಕ್ಕ. ಕಿವಿಯಮ್ಮನ ಒಡಹುಟ್ಟಿದ ಅಕ್ಕ, ಬೇರೆ ಊರಿನಿಂದ ಬೆಳಗಿನ ರೈಲಿಗೆ ಬಂದವರು. ತಂಗಿ ಬದುಕಿಡೀ ಇನ್ನೊಬ್ಬರದನ್ನು ಕೇಳಿಸಿಕೊಂಡಳು. ಅಕ್ಕ ಬದುಕಿಡೀ ಇನ್ನೊಬ್ಬರನ್ನು ವಿಚಾರಿಸಿಕೊಂಡವರು.

“ನನ್ನ ತಂಗಿ ನಿಮಗೆ ಹೇಗೆ ಪರಿಚಯ?”

ಈ ಒಂದು ಪ್ರಶ್ನೆಗೆ ಸಾಲಿಗೆ ಸಾಲೇ ಬೆವರುತ್ತಿತ್ತು. ಮಾಳಿಗೆಯ ಕೋಣೆಗೆ ಯಾರು ಬಂದುಹೋದರು ಅನ್ನುವುದು ಆ ಕೋಣೆಯ ಗೋಡೆಗೂ ತಿಳಿಯಬಾರದು ಎಂಬುದು ಕಿವಿಯಮ್ಮನ ಕಟ್ಟಳೆ. ಬೀದಿಯಲ್ಲಿ ಎದುರಾದರೆ ಅವಳಾಗಿ ನಗುತ್ತಿರಲಿಲ್ಲ. ನೀವು ನಕ್ಕರಷ್ಟೇ ನಗು. ಕಾಯುವ ಬೆಂಚಿನ ಮೇಲೆ ಕೂತವರು ಪಕ್ಕದವರ ಮುಖ ನೋಡದೆ ಎದುರು ಗೋಡೆಯ ಬಿರುಕನ್ನೇ ನೋಡಿಕೊಂಡಿರುತ್ತಿದ್ದರು. ಅಂಥವರೆಲ್ಲ ಇವತ್ತು ಒಂದೇ ಬಾಗಿಲಲ್ಲಿ, ಒಂದೇ ಹೊತ್ತಿಗೆ.

“ನಾನು... ಅವರ ಬಟ್ಟೆ ಹೊಲೀತಿದ್ದೆ,” ಎಂದಳು ಸಾಲಿನ ಮುಂದಿದ್ದ ಹೆಂಗಸು. ಅವಳು ನಿಜಕ್ಕೂ ದರ್ಜಿಯೇ.

“ನಾನೂ ದರ್ಜಿ,” ಎಂದರು ಅವಳ ಹಿಂದಿದ್ದ ಲೆಕ್ಕದ ಮೇಷ್ಟ್ರು, ಆ ಗಳಿಗೆಗೆ ಬೇರೇನೂ ಹೊಳೆಯದೆ.

“ಇಬ್ಬಿಬ್ಬರು ದರ್ಜಿಗಳಾ? ಅವಳಿಗಿದ್ದದ್ದೇ ನಾಲ್ಕು ಬಟ್ಟೆ!” ದೊಡ್ಡಕ್ಕ ಮೇಷ್ಟ್ರ ಅಂಗಿಯ ತೋಳಿನ ಸುಣ್ಣದಕಡ್ಡಿ ಪುಡಿಯನ್ನೇ ದಿಟ್ಟಿಸಿದರು. “ನೀವು?”

ಮೂರನೆಯವರು ಹಲ್ಲಿನ ಡಾಕ್ಟರು. ಗಂಟಲು ಸರಿಮಾಡಿಕೊಂಡು, “ನಲ್ಲಿ ರಿಪೇರಿ,” ಎಂದರು.

“ದೇವರು ಕಳಿಸಿದ ಹಾಗೆ ಬಂದ್ರಲ್ಲಪ್ಪ! ಅಡುಗೆಮನೆ ನಲ್ಲಿ ಬೆಳಗ್ಗೆಯಿಂದ ತೊಟ್ಟಿಕ್ತಾ ಇದೆ. ಬನ್ನಿ, ಬನ್ನಿ.”

ಡಾಕ್ಟರು ಅಂಗಿಯ ತೋಳು ಮಡಚಿಕೊಂಡು ಒಳಗೆ ಹೋದರು. ಡ್ರೈವರನ ದವಡೆಹಲ್ಲು ಕಿತ್ತವರೂ ಅವರೇ. ಈಗ ನಲ್ಲಿಯ ಬಾಯೊಳಗೆ ಇಣುಕುತ್ತ, ಅಭ್ಯಾಸಬಲದಿಂದ, “ನೋವಾದ್ರೆ ಕೈ ಎತ್ತಿ,” ಅನ್ನುತ್ತಿದ್ದದ್ದು ಅವನ ಕಿವಿಗೆ ಬಿತ್ತು. ನಗು ತಡೆಯಲು ಅವನು ತುಟಿ ಕಚ್ಚಿಕೊಂಡ.

“ನೀವು ಯಾಕ್ರಿ ಒಬ್ಬರೇ ನಗ್ತಿದ್ದೀರಿ? ನೀವು ಯಾರು?”

“ಡ್ರೈವರ್.”

ಬಾಯಿಂದ ಬಂದೇಬಿಟ್ಟಿತು. ಸುಳ್ಳೇನಲ್ಲ. ನಿಜ ಅನ್ನುವುದಕ್ಕೂ ನಾಲಿಗೆ ಎಡವುತ್ತದೆ. ಡಿಪೋದ ಹಾಜರಿಯಲ್ಲಿ ಅವನು ಬಸ್ ಡ್ರೈವರ್. ಮಾಡುವ ಕೆಲಸ ಬಸ್ಸು ತೊಳೆಯುವುದು. ಡಿಪೋದವರು ಅವನಿಗಿಟ್ಟ ಹೆಸರು ಬಕೆಟ್ ಡ್ರೈವರ್.

*

“ನನಗೇನೂ ಆಗಿಲ್ಲ ಅಮ್ಮ. ಅದೇ ತೊಂದರೆ.”

ಮೊದಲ ದಿನ ಮಾಳಿಗೆಯ ಕೋಣೆಯಲ್ಲಿ ಅವನು ಆಡಿದ ಮೊದಲ ಮಾತು ಅದು. ಎರಡು ಕುರ್ಚಿ, ಒಂದು ಕಿಟಕಿ, ಕಿಟಕಿಯಾಚೆ ಯಾರದೋ ಮನೆಯ ಒಣಹಾಕಿದ ಬಟ್ಟೆಗಳು.

ನಡೆದದ್ದು ಇಷ್ಟು. ಗುಡ್ಡದ ತಿರುವಿನಲ್ಲಿ ಅವನ ಬಸ್ಸು ಜಾರಿತು. ಮುಂದಿನ ಒಂದು ಚಕ್ರ ರಸ್ತೆ ಬಿಟ್ಟು ಗಾಳಿಯಲ್ಲಿ ನಿಂತಿತು. ಅವನು ಬ್ರೇಕಿನ ಮೇಲೆ ಕಾಲು ಒತ್ತಿ ಹಿಡಿದು, ಒಬ್ಬೊಬ್ಬರನ್ನೇ ಹಿಂಬಾಗಿಲಿಂದ ಇಳಿಸಿದ. ಕೊನೆಗೆ ತಾನೂ ಇಳಿದ. ಯಾರಿಗೂ ಒಂದು ಗೀರೂ ಬೀಳಲಿಲ್ಲ. ಊರೆಲ್ಲ ಬೆನ್ನು ತಟ್ಟಿತು. ಆದರೆ ಆಮೇಲೆ ಸ್ಟೇರಿಂಗ್ ಮುಂದೆ ಕೂತರೆ ಸಾಕು, ಬಲಗಾಲು ಮರದ ಕೊರಡು. ಬೆನ್ನು ತಟ್ಟಿದ ಕೈಗಳೇ ಬೆರಳು ತೋರಿಸಿದವು: ‘ಏನೂ ಆಗ್ಲಿಲ್ಲವಲ್ಲ, ಇವನಿಗೇನು ಬಂತು?’

ಕಿವಿಯಮ್ಮ ಎಲ್ಲವನ್ನೂ ಕೇಳಿದಳು. ಬಹಳ ಹೊತ್ತಾದ ಮೇಲೆ ಅಂದಳು:

“ಬಸ್ಸಲ್ಲಿದ್ದವರೆಲ್ಲ ತಮ್ಮ ತಮ್ಮ ಚೀಲ ತಗೊಂಡು ಇಳಿದ್ರು. ಹೆದರಿಕೆ ಮಾತ್ರ ನಿಮ್ಮ ಹತ್ರ ಬಿಟ್ಟುಹೋದ್ರು. ಅಷ್ಟು ಜನರದ್ದು ಒಬ್ಬರೇ ಹೊತ್ರೆ ಕಾಲು ಭಾರ ಆಗಲ್ವೇನಪ್ಪ?”

ಅವನಿಗೆ ಅಳು ಬಂತು. ಬೈದರೆ ಬಾರದ, ಹೊಗಳಿದರೂ ಬಾರದ ಅಳು.

ಆಮೇಲೆ ಶುರುವಾಯಿತು ಅವಳ ಪ್ರಯೋಗ. ಒಂದಷ್ಟು ದಿನ ಅವನ ಬಾಲ್ಯದ ಕತೆ ಕೆದಕಿದಳು. ಅದರಿಂದ ಕಾಲು ಅಲ್ಲಾಡಲಿಲ್ಲ, ಆದರೆ ಅಪ್ಪನ ಮೇಲಿದ್ದ ಹಳೇ ಮುನಿಸೊಂದು ಕರಗಿತು. ಉಸಿರಾಟ ಹೇಳಿಕೊಟ್ಟಳು, ಅವನು ಅಲ್ಲೇ ಗೊರಕೆ ಹೊಡೆದ. ಆಟಿಕೆ ಬಸ್ಸೊಂದನ್ನು ಮೇಜಿನ ಅಂಚಿನಲ್ಲಿ ಓಡಿಸಲು ಹೇಳಿದಳು. ಅಂಚು ಬಂದಾಗ ಅವನ ಅಂಗೈ ಬೆವರಿತು. “ಹಾಂ, ಸಿಕ್ಕಿತು ನೋಡಿ ಭಯದ ಬಾಲ,” ಎಂದು ಅವಳು ಮಂಡಿ ತಟ್ಟಿಕೊಂಡಳು.

“ಅಲ್ಲಮ್ಮ, ನಿಮ್ಮದು ಯಾವ ಪದ್ಧತಿ?” ಎಂದು ಅವನು ಕೇಳಿಯೇಬಿಟ್ಟ.

“ನನ್ನ ಗುರುಗಳು ಮೂರ್ನಾಲ್ಕು ಜನ. ಒಬ್ಬರ ಮುಖ ಕಂಡ್ರೆ ಇನ್ನೊಬ್ಬರಿಗಾಗಲ್ಲ. ನಾನು ಎಲ್ಲರ ಮನೇಲೂ ಉಂಡು ಬಂದವಳು. ಹಸಿದವರು ಬಂದಾಗ ಯಾರ ಮನೆ ಅಡುಗೆ ಅಂತ ನೋಡಲ್ಲ, ಏನು ಒಗ್ಗುತ್ತೆ ಅಂತ ನೋಡ್ತೀನಿ.”

*

ಶವ ಸಾಗಿಸುವ ವ್ಯಾನು ಬಸ್ಸಿನಷ್ಟೇ ಉದ್ದವಿತ್ತು. ನಡುವೆ ಪೆಟ್ಟಿಗೆಗೆ ಜಾಗ, ಎರಡೂ ಬದಿಗೆ ಬೆಂಚು. ವ್ಯಾನಿನವನು ಹುರುಪಿನ ಮನುಷ್ಯ. “ಬಿಡಿ ಬಿಡಿ, ನಾನಿಲ್ವಾ!” ಎಂದು ಪೆಟ್ಟಿಗೆಯ ಭಾರವನ್ನೆಲ್ಲ ತಾನೇ ಎತ್ತಿ ಒಳಗೆ ತಳ್ಳಿದ. ಪೆಟ್ಟಿಗೆ ಒಳಗೆ ಹೋಯಿತು. ಬಗ್ಗಿದ ಅವನು ಮಾತ್ರ ಮೇಲೇಳಲಿಲ್ಲ.

“ಸೊಂಟ! ಅಯ್ಯೋ ಸೊಂಟ!”

ನಾಲ್ಕು ಜನ ಅವನನ್ನು ಬಗ್ಗಿದ ಹಾಗೇ ಎತ್ತಿಕೊಂಡು ಹೋಗಿ ನಡುಮನೆಯ ಸೋಫಾದ ಮೇಲೆ ಮಲಗಿಸಿದರು. ಒಂದು ಲೋಟ ನೀರು ಕುಡಿದದ್ದೇ, ಅವನು ಪಕ್ಕದ ಮನೆಯಾಕೆಗೆ ತನ್ನ ಹೆಂಡತಿ ಮಾತು ಬಿಟ್ಟ ಕತೆ ಶುರುಮಾಡಿದ. ಆ ಮನೆಯ ಗಾಳಿಯೇ ಅಂಥದ್ದು.

“ಈಗೇನು ಮಾಡೋದು? ಅಲ್ಲಿ ಗುಡ್ಡದ ಮೇಲೆ ಸ್ಮಶಾನದಲ್ಲಿ ಎಲ್ಲ ಸಿದ್ಧ ಮಾಡ್ಕೊಂಡು ಕಾಯ್ತಿದ್ದಾರೆ!” ದೊಡ್ಡಕ್ಕ ಸುತ್ತ ಕಣ್ಣಾಡಿಸಿದರು. ಕಣ್ಣು ಬಂದು ನಿಂತದ್ದು ಡ್ರೈವರನ ಮೇಲೆ. “ಅರೆ! ನೀವು ಡ್ರೈವರ್ ಅಂದ್ರಲ್ಲ! ಹತ್ತಿ, ಹತ್ತಿ.”

ಬೀಗದಕೈ ಅವನ ಅಂಗೈಗೆ ಬಂದು ಬಿತ್ತು. ಆಗುವುದಿಲ್ಲ ಅನ್ನಬೇಕಾದರೆ ಯಾಕೆ ಅಂತ ಹೇಳಬೇಕು. ಹೇಳಿದರೆ ಬೀದಿಯೆಲ್ಲ ತಿಳಿಯುತ್ತದೆ. ಅವನ ಮುಖ ಬಿಳಿಚಿಕೊಂಡದ್ದನ್ನು ಮಗಳು ಕಂಡಳು. ಹತ್ತಿರ ಬಂದು ಮೆಲ್ಲಗೆ ಅಂದಳು:

“ಅಮ್ಮ ಯಾರ ವಿಷಯಾನೂ ನನಗೆ ಹೇಳಿದವಳಲ್ಲ. ನನಗೇನೂ ಗೊತ್ತಿಲ್ಲ. ಆದ್ರೆ ಕಷ್ಟ ಅನ್ಸಿದ್ರೆ ಬಿಡಿ ಅಣ್ಣ, ಬೇರೆಯವರನ್ನ ಕರೆಸ್ತೀನಿ. ಸ್ವಲ್ಪ ತಡ ಆಗುತ್ತೆ, ಅಷ್ಟೇ.”

ಬಾಗಿಲು ತೆರೆದೇ ಇತ್ತು. ತಪ್ಪಿಸಿಕೊಂಡು ಹೋಗಬಹುದಿತ್ತು. ಆದರೆ ಈ ಪಯಣ ತಪ್ಪಿದರೆ ಕಿವಿಯಮ್ಮನಿಗೆ ಕೊಟ್ಟ ಮಾತು ತೀರಿಸಲು ಇನ್ನೊಂದು ಪಯಣವೇ ಇಲ್ಲ.

*

ಆ ಮಾತು ಕೊಟ್ಟದ್ದು ಡಿಪೋದಲ್ಲಿ. ಕೋಣೆಯಲ್ಲಿ ಆಗುವಷ್ಟು ಆಯಿತು ಅಂದ ಕಿವಿಯಮ್ಮ, ಮಂಡಿನೋವನ್ನೂ ಲೆಕ್ಕಿಸದೆ ಅಲ್ಲಿಗೇ ಬರತೊಡಗಿದ್ದಳು. ತೊಳೆದು ನಿಲ್ಲಿಸಿದ ಬಸ್ಸಿನಲ್ಲಿ ಅವನು ಸ್ಟೇರಿಂಗ್ ಮುಂದೆ, ಅವಳು ಹಿಂದಿನ ಸೀಟಿನಲ್ಲಿ. ಮೊದಮೊದಲು ಬರೀ ಕೂರುವುದು. ಆಮೇಲೆ ಇಂಜಿನ್ ಹಚ್ಚುವುದು. ಆಮೇಲೊಂದು ದಿನ ಡಿಪೋದ ಅಂಗಳದಲ್ಲಿ ಒಂದು ಸುತ್ತು. ಆ ದಿನ ಕಿವಿಯಮ್ಮ ಹಬ್ಬಕ್ಕೆ ಹೊರಟ ಹುಡುಗಿಯಂತೆ ಕಿಟಕಿಯಾಚೆ ಕೈಬೀಸಿದಳು.

“ಭಯ ಇಳಿದುಹೋಗಲೇ ಇಲ್ಲವಲ್ಲಮ್ಮ,” ಎಂದ ಅವನು, ಬೆವರು ಒರೆಸಿಕೊಳ್ಳುತ್ತ.

“ಅದನ್ಯಾಕೆ ಇಳಿಸ್ತೀರಿ? ಅದೂ ಟಿಕೆಟ್ ತಗೊಂಡಿದೆ. ಪಕ್ಕದಲ್ಲಿ ಕೂರಿಸ್ಕೊಳ್ಳಿ. ಸ್ಟೇರಿಂಗ್ ಮಾತ್ರ ಕೊಡಬೇಡಿ.”

“ಒಂದಿನ ನಿಮ್ಮನ್ನ ಆ ತಿರುವು ದಾಟಿಸಿ ಗುಡ್ಡದ ಮೇಲೆ ಕರ್ಕೊಂಡು ಹೋಗ್ತೀನಿ. ಮಾತು ಕೊಟ್ಟೆ.”

“ನನಗೇನೂ ಆತುರ ಇಲ್ಲಪ್ಪ,” ಎಂದಿದ್ದಳು. ಅವಳ ಎದೆಯಲ್ಲಿ ಆಗಲೇ ಕೆಮ್ಮು ಗೂಡು ಕಟ್ಟಿತ್ತು.

*

ವ್ಯಾನು ಹೊರಟಿತು. ಒಳಗೆ ಮಗಳು, ದೊಡ್ಡಕ್ಕ, ದರ್ಜಿ, ಮೇಷ್ಟ್ರು, ಒದ್ದೆ ತೋಳಿನ ಡಾಕ್ಟರು. ಉಳಿದವರು ಕಾರು, ಸ್ಕೂಟರುಗಳಲ್ಲಿ ಹಿಂದೆ. ಊರು ದಾಟುವವರೆಗೆ ಎಲ್ಲ ಸರಿಯಿತ್ತು. ಏರು ಶುರುವಾಯಿತು. ತಿರುವು ಕಂಡಿತು. ಬಲಗಾಲು ತಣ್ಣಗಾಗಿ, ಗಟ್ಟಿಯಾಗಿ, ಯಾರದೋ ಕಾಲಾಯಿತು. ಉಳಿದ ಶಕ್ತಿಯಲ್ಲಿ ಅವನು ವ್ಯಾನನ್ನು ರಸ್ತೆಬದಿಗೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ. ಹಿಂದಿದ್ದ ವಾಹನಗಳೆಲ್ಲ ನಿಂತವು.

“ಯಾಕ್ರಿ ನಿಲ್ಲಿಸಿದ್ರಿ? ಡೀಸೆಲ್ ಮುಗೀತಾ?” ದೊಡ್ಡಕ್ಕನ ದನಿ.

“ಆಗ್ತಾ ಇಲ್ಲ,” ಎಂದಷ್ಟೇ ಅಂದ ಅವನು. ಬಲಗಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತ.

ದರ್ಜಿ ಮುಂದಕ್ಕೆ ಬಾಗಿದಳು.

“ಅಣ್ಣ, ಅಂಗಾಲು ನೆಲಕ್ಕೆ ತಾಗಿದೆಯಾ ನೋಡ್ಕೊಳ್ಳಿ. ನೆಲ ನಿಮ್ಮನ್ನ ಹಿಡ್ಕೊಂಡಿದೆ, ಬೀಳಿಸಲ್ಲ.”

“ಹಸಿರಾಗಿರೋದು ಏನೇನು ಕಾಣುತ್ತೆ, ಜೋರಾಗಿ ಹೇಳಿ,” ಎಂದರು ಮೇಷ್ಟ್ರು. “ಪರೀಕ್ಷೆ ಬಂದ್ರೆ ನನಗೆ ಹೀಗೇ ಆಗೋದು. ಮಕ್ಕಳಿಗಲ್ಲ, ನನಗೆ!”

ದರ್ಜಿ ಅವರತ್ತ ತಿರುಗಿದಳು. “ನಿಮಗೆ ಹಸಿರಾ? ನನಗೆ ಅಂಗಾಲು ಹೇಳಿಕೊಟ್ಟಿದ್ರು!”

“ನನಗೆ ಖಾಲಿ ಕುರ್ಚಿ,” ಎಂದರು ಡಾಕ್ಟರು. “ಅದರಲ್ಲಿ ನಮ್ಮಪ್ಪ ಕೂತಿದ್ದಾರೆ ಅಂದ್ಕೊಂಡು ಬೈಯೋಕೆ ಹೇಳಿದ್ರು. ತಿಂಗಳುಗಟ್ಟಲೆ ಬೈದೆ. ಪಾಪ, ಕುರ್ಚಿ ಎದುರು ಮಾತಾಡ್ಲಿಲ್ಲ.”

“ನೀವು ಆ ಬೆಂಚಲ್ಲಿ ಪೇಪರ್ ಮುಖಕ್ಕೆ ಹಿಡ್ಕೊಂಡು ಕೂರ್ತಿದ್ದವರಲ್ವಾ?” ಎಂದು ಮೇಷ್ಟ್ರು ಡಾಕ್ಟರನ್ನು ಕೇಳಿದರು.

“ನೀವು ಬರೀ ಕೆಮ್ತಿದ್ದವರು!”

“ನಿಲ್ಲಿಸ್ರಿ!” ದೊಡ್ಡಕ್ಕ ಎರಡೂ ಕೈ ಎತ್ತಿದರು. “ದರ್ಜಿಗಳು, ನಲ್ಲಿ ರಿಪೇರಿಯವರು... ಇದು ಯಾವ ಸೀಮೆ ಮಾತು? ಏನು ನಡೀತಿದೆ ಇಲ್ಲಿ?”

ಡಾಕ್ಟರು ಒದ್ದೆ ತೋಳನ್ನು ಕೆಳಗಿಳಿಸಿದರು. “ತಾಯಿ, ನಾನು ಹಲ್ಲಿನ ಡಾಕ್ಟರ್. ನಿಮ್ಮ ತಂಗಿ ಇಲ್ಲದಿದ್ರೆ ನಾನು ಇವತ್ತು ಇರ್ತಿರಲಿಲ್ಲ. ಮತ್ತೆ... ನಿಮ್ಮ ನಲ್ಲಿ ಇನ್ನೂ ಸೋರ್ತಾನೇ ಇದೆ.”

ಮೊದಲು ಕಿಸಕ್ಕೆಂದವಳು ಮಗಳು. ಆಮೇಲೆ ದರ್ಜಿ. ಆಮೇಲೆ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡರು. ದೊಡ್ಡಕ್ಕ ಗಂಭೀರವಾಗಿರಲು ಬಹಳ ಹೆಣಗಿ, ಸೋತು, ತಂಗಿಯ ಪೆಟ್ಟಿಗೆಯ ಮೇಲೆ ಒರಗಿ ಕಣ್ಣೀರು ಬರುವಷ್ಟು ನಕ್ಕರು. ಇಡೀ ವ್ಯಾನು ಕುಲುಕಾಡಿತು. ಹಿಂದಿನ ಸ್ಕೂಟರಿನವರು ಸಾವಿನ ವಾಹನದಿಂದ ಇದೇನು ಸದ್ದು ಅಂತ ಕತ್ತು ಉದ್ದ ಮಾಡಿದರು.

ಡ್ರೈವರನೂ ನಗುತ್ತಿದ್ದ. ನಗುತ್ತಲೇ ಅಂಗಾಲು ಊರಿದ. “ಹುಲ್ಲು,” ಎಂದ ಜೋರಾಗಿ. “ಮೈಲಿಗಲ್ಲಿನ ಪಾಚಿ. ಮೇಷ್ಟ್ರ ಕೊರಳಿನ ಮಫ್ಲರ್.” ಮತ್ತೆ ಪಕ್ಕದ ಖಾಲಿ ಸೀಟಿನತ್ತ ತಿರುಗಿ, ಹಳೇ ಗೆಳೆಯನಿಗೆ ಗದರುವಂತೆ, “ಬಾ, ಕೂತ್ಕೋ. ಸ್ಟೇರಿಂಗ್ ಮುಟ್ಟಿದ್ರೆ ನೋಡು,” ಎಂದ.

ಬ್ರೇಕ್ ಬಿಟ್ಟ. ಗೇರು ಬಿತ್ತು. ವ್ಯಾನು ಕಂಪಿಸುತ್ತ ತಿರುವಿಗೆ ಬಂತು. ಎಡಕ್ಕೆ ಬರೀ ಆಕಾಶ, ಕೆಳಗೆ ಪುಟ್ಟ ಪುಟ್ಟ ಮನೆಗಳ ಮಾಡುಗಳು. ಸ್ಟೇರಿಂಗ್ ಅವನ ಕೈಯಲ್ಲಿ ಪೂರ್ತಿ ಸುತ್ತಿ, ಮತ್ತೆ ತಾನಾಗಿ ನೇರವಾಯಿತು. ಎದುರಿಗೆ ಬಿಸಿಲು ಬಿದ್ದ ನೆಟ್ಟಗಿನ ರಸ್ತೆ.

“ದಾಟಿತು!” ಎಂದು ಚಪ್ಪಾಳೆ ತಟ್ಟಿದವರು ದೊಡ್ಡಕ್ಕ. ಏನು ದಾಟಿತು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಗುಡ್ಡದ ತುದಿಯಲ್ಲಿ ಅವನು ಇಂಜಿನ್ ಆರಿಸಿ, ಇಳಿದು, ಸುತ್ತಿ ಬಂದು ಹಿಂಬಾಗಿಲು ತೆರೆದ. ಯಾರೂ ಏಳಲಿಲ್ಲ. ಮೇಷ್ಟ್ರು ದೊಡ್ಡಕ್ಕನಿಗೆ ಏನನ್ನೋ ಹೇಳುತ್ತಿದ್ದರು, ತೊದಲುತ್ತ, ನಡುನಡುವೆ ನಿಲ್ಲಿಸುತ್ತ. ದೊಡ್ಡಕ್ಕ ಒಂದೂ ಪ್ರಶ್ನೆ ಕೇಳದೆ ಅವರ ಮುಖವನ್ನೇ ನೋಡುತ್ತಿದ್ದರು. ದರ್ಜಿ ಡಾಕ್ಟರ ಅಂಗಿಯ ಒದ್ದೆ ತೋಳು ಹಿಂಡಿ ಮಡಚಿಕೊಡುತ್ತಿದ್ದಳು.

ಡ್ರೈವರ್ ಅವರ ಮಾತು ಮುಗಿಯುವವರೆಗೂ ಬಾಗಿಲು ಹಿಡಿದು ನಿಂತ. ಅವನ ಬೆನ್ನ ಹಿಂದೆ, ಬಹಳ ಕೆಳಗೆ, ಹತ್ತಿ ಬಂದ ರಸ್ತೆ ಯಾರೋ ಬಿಚ್ಚಿ ಬಿಸಾಡಿದ ರಿಬ್ಬನ್ನಿನಂತೆ ಬಿದ್ದಿತ್ತು. ಅವನು ತಿರುಗಿ ನೋಡಲಿಲ್ಲ. ಪೆಟ್ಟಿಗೆಯ ತಲೆಯ ಕಡೆ ಬಾಗಿ, ಕಿವಿಯಲ್ಲಿ ಹೇಳುವಂತೆ ಹೇಳಿದ:

“ಅಮ್ಮ, ಬಂದ್ವಿ. ನಿಧಾನವಾಗಿ ಇಳೀರಿ.”