ಕರೆಯದೆ ಬಂದವಳು

ಬಾಗಿಲು ತೆರೆದ ಮಿಲೇವಾಳ ಮುಖದ ಮೇಲಿದ್ದ ನಗು, ಹೊರಗೆ ನಿಂತವಳು ಗಂಡನ ಅಕ್ಕ ಎಂದು ಗೊತ್ತಾಗುತ್ತಲೇ ಅಲ್ಲೇ ಬತ್ತಿಹೋಯಿತು.

"ಓ, ನೀವಾ," ಎಂದಳು.

"ನಾನೇ. ಇವತ್ತು ಬಾಗಿಲು ಹಾಕೋ ಹಾಗಿಲ್ಲ ಅಲ್ವಾ?" ಎಂದು ವಿದೊಸಾವ ಒದ್ದೆ ಕೋಟು ಕೊಡವಿ ಒಳಗೆ ಕಾಲಿಟ್ಟಳು.

ಹೌದು, ಹಾಕುವ ಹಾಗಿರಲಿಲ್ಲ. ಮನೆದೇವರಾದ ಸಂತ ನಿಕೋಲನ ದಿನ ಕೊಲ್ಲಿಯ ದಡದ ಕೋಟೆಯೂರು ಕೋತೊರಿನಲ್ಲಿ ಯಾರೂ ಯಾರನ್ನೂ ಹಬ್ಬಕ್ಕೆ ಕರೆಯುವುದಿಲ್ಲ, ಬಂದವರನ್ನು ತಳ್ಳುವುದೂ ಇಲ್ಲ. ಹಗೆಯೇ ಬಂದು ನಿಂತರೂ ತಟ್ಟೆ ಇಡಬೇಕು. ಮನೆಯ ಯಜಮಾನ ಕೂರುವಂತಿಲ್ಲ, ದಿನವಿಡೀ ನಿಂತೇ ಬಡಿಸಬೇಕು. ಹನ್ನೊಂದು ವರ್ಷದಿಂದ ತವರಿನ ಮೆಟ್ಟಿಲು ತುಳಿಯದಿದ್ದ ವಿದೊಸಾವ ಈ ದಿನವನ್ನೇ ಹುಡುಕಿಕೊಂಡು ಬಂದದ್ದು ಸುಮ್ಮನೆ ಅಲ್ಲ.

ಜಗಳ ಈ ಮನೆಯದೇ. ಆ ಊರಿನಲ್ಲಿ ಕಾನೂನು ಮಗಳಿಗೆ ಅರ್ಧ ಮನೆ ಕೊಡುತ್ತದೆ, ರೂಢಿ ಅದನ್ನು ಅವಳ ಕೈಯಿಂದ ಕಿತ್ತು ಒಡಹುಟ್ಟಿದವನಿಗೆ ಕೊಡುತ್ತದೆ. ವಿದೊಸಾವಳಿಗೂ ಕೊಡಲು ಬೇಸರವಿರಲಿಲ್ಲ. ಆದರೆ ಅಪ್ಪನನ್ನು ಮಣ್ಣು ಮಾಡಿ ಮೂರು ದಿನ ಕಳೆದಿರಲಿಲ್ಲ, ತಮ್ಮ ಗೋಯ್ಕೊ ತಾನು ಬರದೆ, ಪಾಲು ಬಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬರಲು ವಕೀಲನ ಗುಮಾಸ್ತನೊಬ್ಬನನ್ನು ಕೊಲ್ಲಿಯಾಚೆಯ ರಿಸಾನಿಗೆ, ಅವಳ ಮನೆಗೆ ಕಳಿಸಿದ. ಅವಳು ಅವನನ್ನು ಪೊರಕೆ ಹಿಡಿದು ಓಡಿಸಿದಳು. ಅಂದಿನಿಂದ ಕೋಟೆಯೊಳಗಿನ ಹೆಂಗಸರ ಬಾಯಲ್ಲಿ ಅವಳು 'ತಮ್ಮನ ಒಲೆಗೆ ನೀರು ಹೊಯ್ದವಳು.' ಈಗ ಯಾವುದೋ ಹೋಟೆಲಿನವರು ಮನೆ ಕೊಳ್ಳಲು ಬಂದಿದ್ದಾರೆ ಎಂಬ ಸುದ್ದಿ ಅವಳಿಗೆ ಮೀನು ಮಾರುಕಟ್ಟೆಯಲ್ಲಿ ಸಿಕ್ಕಿತ್ತು. ಅವಳ ಸಹಿ ಇಲ್ಲದೆ ಅದು ಆಗುವಂತಿರಲಿಲ್ಲ. ಬಸ್ಸಿನಲ್ಲಿ ಕೂತು ಅವಳು ತೀರ್ಮಾನಿಸಿದ್ದಳು: ಅವನು ನಾಲ್ಕು ಜನರ ಎದುರು ಒಂದೇ ಒಂದು ಸಲ 'ಅಕ್ಕಾ' ಎನ್ನಲಿ, ಸಹಿ ಹಾಕಿ ಎಸೆದು ಹೋಗುತ್ತೇನೆ. ಎಪ್ಪತ್ತರ ಹತ್ತಿರ ಬಂದವಳಿಗೆ ಅರ್ಧ ಮನೆ ಕಟ್ಟಿಕೊಂಡು ಆಗಬೇಕಾದದ್ದೇನು?

ಮಹಡಿಯ ಕೋಣೆಯಲ್ಲಿ ಆಗಲೇ ಹತ್ತು ಹನ್ನೆರಡು ಜನ ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದರು. ಅವಳನ್ನು ಕಂಡು ಯಾರೂ ಸರಿದು ಜಾಗ ಕೊಡಲಿಲ್ಲ. ಅಡುಗೆಮನೆಯ ಬಾಗಿಲ ಪಕ್ಕ, ಹೋಗಿಬರುವವರ ಕಾಲಿಗೆ ಸಿಗುವಂಥ ಜಾಗದಲ್ಲಿ, ಮಿಲೇವಾ ಒಂದು ಸ್ಟೂಲು ಹಾಕಿದಳು. ಗೋಯ್ಕೊ ಮುಖ ನೋಡದೆ ಲೋಟಕ್ಕೆ ವೈನು ಸುರಿದ.

"ರಿಸಾನಲ್ಲಿ ಮೀನಿಗೆ ಬರಗಾಲವಾ?"

"ಮೀನು ಸಿಗುತ್ತೆ. ಬಡಿಸೋಕೆ ಇಂಥ ಆಳು ಸಿಗಲ್ಲ."

ನೆರೆಮನೆಯ ಮುದುಕಿ ತೋನಾ ಕಿಸಕ್ಕೆಂದು ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಗೋಯ್ಕೊನ ಕಿವಿ ಕೆಂಪಾಯಿತು. ವಿದೊಸಾವ ಕಾದಳು. ಮೀನು ತಿಂದಳು, ಹುರುಳಿಯ ಗಂಜಿ ತಿಂದಳು, ಎಲ್ಲ ಉಪ್ಪಾಗಿತ್ತು, ಆದರೂ ತಿಂದಳು. ಅವನು ಎರಡು ಸಲ ಪಕ್ಕದಲ್ಲೇ ಹಾದುಹೋದ. ಪ್ರತಿ ಸಲ ಅವಳ ಕೈಯ ತುತ್ತು ಅಲ್ಲೇ ನಿಂತಿತು. ಅವನು 'ಅಕ್ಕಾ' ಎನ್ನಲಿಲ್ಲ.

ಮೇಜಿನ ತಲೆಯಲ್ಲಿ, ಹತ್ತಿರದ ನೆಂಟನಿಗೆ ಸಲ್ಲಬೇಕಾದ ಕುರ್ಚಿಯಲ್ಲಿ, ಚರ್ಮದ ಜಾಕೀಟಿನವನೊಬ್ಬ ಕೂತಿದ್ದ. ಹೋಟೆಲಿನವರ ದಲ್ಲಾಳಿ. ಅವನು ನಗುತ್ತ ಅವಳ ಕಡೆ ಗದ್ದ ಎತ್ತಿ ಕೇಳಿದ: "ಇವರು ಯಾರು?"

ಗೋಯ್ಕೊ ವೈನಿನ ಹೂಜಿಯನ್ನು ಇನ್ನೊಂದು ಕೈಗೆ ಬದಲಿಸಿದ.

"ಯಾರೋ. ಇವತ್ತು ಯಾರು ಬಂದ್ರೂ ನಾವು ಊಟ ಹಾಕ್ತೀವಿ."

ವಿದೊಸಾವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಇವನನ್ನು ಸೊಂಟದ ಮೇಲೆ ಹೊತ್ತು ಇದೇ ಕೋಟೆಯ ಓಣಿಗಳಲ್ಲಿ ತಿರುಗಿದವಳು ಅವಳು, ಇವನ ಮೂಗು ಒರೆಸಿದ ಕೈ ಇದು. ಅವಳು ಸ್ಟೂಲು ಉರುಳಿಸಿಕೊಂಡು ಎದ್ದಳು.

"ಯಾರೋನಾ? ಹಾಗಾದ್ರೆ ಕೇಳ್ಕೊಳ್ಳಿ ಸ್ವಾಮಿ. ಈ ಯಾರೋ ಸಹಿ ಹಾಕದೆ ನಿಮಗೆ ಈ ಮನೆಯ ಒಂದು ಹೆಂಚೂ ದಕ್ಕಲ್ಲ. ನಾನು ಹಾಕಲ್ಲ. ಇವತ್ತೂ ಇಲ್ಲ, ಸಾಯೋವರೆಗೂ ಇಲ್ಲ. ನನ್ನ ತಮ್ಮನಾಣೆ, ಹಾಕಲ್ಲ!"

ಆಡಿಬಿಟ್ಟಳು.

ಆ ಕೊಲ್ಲಿಯ ಹೆಂಗಸರು ದೇವರ ಮೇಲೆ ಬೇಕಾದರೆ ಸುಳ್ಳಾಣೆ ಇಟ್ಟಾರು, ಒಡಹುಟ್ಟಿದವನ ಮೇಲೆ ಇಡಲಾರರು. ಆ ಆಣೆ ಮುರಿದರೆ ಹೋಗುವುದು ಅವನ ತಲೆ. ಆ ತಲೆ ಈಗ ವೈನಿನ ಹೂಜಿ ಹಿಡಿದು ಎಲ್ಲರ ನಡುವೆ ನಿಂತಿತ್ತು, ಬಿಳುಚಿಕೊಂಡು.

"ಹಿಂದಕ್ಕೆ ತಗೊಳ್ಳೇ ವಿದಾ," ಎಂದಳು ತೋನಾ, ನಗು ಎಲ್ಲ ಆರಿಹೋಗಿ.

"ಹೇಗೆ ತಗೊಳ್ಳಲಿ?" ಎಂದಳು ವಿದೊಸಾವ. ಕೊಡಲೆಂದೇ ಬಂದವಳು ಅವಳು. ಈಗ ಕೊಡುವ ದಾರಿಯನ್ನೂ ತಾನೇ ಮುಚ್ಚಿಕೊಂಡಿದ್ದಳು.

ದಲ್ಲಾಳಿ ನಕ್ಕ. "ಅಯ್ಯೋ, ಬಾಯಿಮಾತು ತಾನೇ? ನಾಳೆ ಸಮಾಧಾನ ಆದ ಮೇಲೆ ಒಂದು ಸಹಿ—"

"ನೀವು ಸುಮ್ನಿರಿ," ಎಂದಳು ಮಿಲೇವಾ. ಹನ್ನೊಂದು ವರ್ಷ ಆ ಸಹಿಗಾಗಿ ಗಂಡನ ತಲೆ ತಿಂದವಳು ಅವಳೇ. "ಸಹಿ ನಿಮಗೆ ಬೇಕು. ತಲೆ ನನ್ನ ಗಂಡಂದು."

ವಿದೊಸಾವ ಕೋಟು ಎತ್ತಿಕೊಂಡು ಹೊರಗಿನ ಕಲ್ಲುಮೆಟ್ಟಿಲು ಇಳಿದಳು. ತೆಂಕಣ ಗಾಳಿ ಮಳೆಯನ್ನು ಓಣಿಯುದ್ದಕ್ಕೂ ಎರಚುತ್ತಿತ್ತು. ಹಿಂದೆಯೇ ಹೆಜ್ಜೆ ಸದ್ದು. ಗೋಯ್ಕೊ ಬರಿತಲೆಯಲ್ಲಿ ಇಳಿದು ಬಂದಿದ್ದ.

"ನಿನ್ನ ಗಂಡನ ಮೇಲೆ ಇಡಬಾರದಿತ್ತಾ ಆಣೆ?"

"ಆ ಕುಡುಕನ ಮೇಲೆ ಇಟ್ರೆ ಯಾರು ನಂಬ್ತಾರೆ?"

"ನನ್ನ ಹೆಸರೆತ್ತಿದ್ರೆ ಉಗೀತೀಯಂತೆ. ಇಷ್ಟು ವರ್ಷ ಯಾರ ಮೇಲೆ ಇಡ್ತಿದ್ದೆ?"

"ನಿನ್ನ ಮೇಲೇ ಕಣೋ. ಇನ್ಯಾರಿದಾರೆ ನಂಗೆ, ನಾಯಿ?"

ಅವನು ಏನೋ ಹೇಳಲು ಹೋದ. ಮಳೆನೀರು ಹುಬ್ಬಿನಿಂದ ಬಾಯಿಗೆ ಇಳಿಯಿತು. ಅದನ್ನು ಉಗುಳಿ, "ಇನ್ನು ಈ ಕಡೆ ಬರಬೇಡ," ಎಂದ.

"ಬರ್ತೀನಿ. ವರ್ಷವೂ ಬರ್ತೀನಿ. ನಿಂತು ಬಡಿಸು."

ಅವನು ಬೆನ್ನು ತಿರುಗಿಸಿ ಮೆಟ್ಟಿಲು ಹತ್ತತೊಡಗಿದ. ಹುಟ್ಟಿದಾಗಿನಿಂದ ಹತ್ತಿಳಿದ ಮೆಟ್ಟಿಲು ಅವು. ಈಗ ಒಂದು ಕೈ ಗೋಡೆಗೆ ಒತ್ತಿ, ಪಾಚಿಗಟ್ಟಿದ ಕಲ್ಲನ್ನು ಕಾಲಿನಿಂದ ತಡವಿ ತಡವಿ ಒಂದೊಂದಾಗಿ ಹತ್ತುತ್ತಿದ್ದ. ಅರ್ಧ ದಾರಿಯಲ್ಲಿ ಬೂಟು ತುಸು ಜಾರಿತು.

"ನೋಡ್ಕೊಂಡು ಹತ್ತೋ, ಕತ್ತೆ!" ಎಂದು ಅವಳು ಕಿರುಚಿದಳು.

ಅವನು ತಿರುಗಿ ನೋಡಲಿಲ್ಲ, ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದ. ಅವಳು ಕತ್ತು ಮೇಲೆತ್ತಿ, ಮಳೆಗೆ ಕಣ್ಣು ಕಿರಿದು ಮಾಡಿ, ಅವನು ಕೊನೆಯ ಮೆಟ್ಟಿಲು ಮುಟ್ಟುವವರೆಗೂ ನಿಂತೇ ಇದ್ದಳು.